ಮನೆ ಬೆಚ್ಚಗಿಡಲು ಕಲ್ಲಿದ್ದಲು: ಎಲ್ಲಿ ಸಿಗುತ್ತದೆ, ಹೇಗೆ ಉರಿಸಬೇಕು?

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹಳೇ ಮನೆ ಕೊಂಡಿದ್ದೀರಿ, ನೆಲಮಾಳಿಗೆಯಲ್ಲಿ ಕಲ್ಲಿದ್ದಲಿನ ಒಲೆ ಇದೆ, ಸೌದೆ ಥರ ಹಚ್ಚಿದರೆ ಆರಿಹೋಗುತ್ತದೆ ಅಂದಿದ್ದೀರಿ. ಸಿಗುವುದು ಕಷ್ಟವಲ್ಲ. ಆ ರಾಜ್ಯದ ಈಶಾನ್ಯ ಭಾಗದ ಸ್ಕೂಲ್‌ಕಿಲ್, ಲುಜರ್ನ್ ಕೌಂಟಿಗಳೇ ಆಂಥ್ರಸೈಟ್‌ನ ತವರು. ಗಟ್ಟಿಯಾಗಿ ಹೊಳೆಯುವ, ಹೊಗೆ ತೀರಾ ಕಡಿಮೆ ಇರುವ ಕಲ್ಲಿದ್ದಲು ಅದು. ಗಣಿ ಹತ್ತಿರದ ಯಾರ್ಡಿಗೆ ಗಾಡಿ ಒಯ್ದು ಟನ್ ಲೆಕ್ಕದಲ್ಲಿ ತುಂಬಿಸಿಕೊಂಡರೆ ಅಗ್ಗ, ಚೀಲದ್ದು ದುಬಾರಿ. ಕೈಯಲ್ಲಿ ತುಂಬುವ ಒಲೆಗೆ 'ನಟ್' ಗಾತ್ರದ ತುಂಡು ಕೇಳಿ. ತಾನೇ ಉಣಿಸಿಕೊಳ್ಳುವ ಸ್ಟೋಕರ್ ಆದರೆ 'ರೈಸ್' ಎನ್ನುವ ಸಣ್ಣ ಚೂರು.

ಈ ಕಲ್ಲಿದ್ದಲಿಗೆ ಗಾಳಿ ಕೆಳಗಿನಿಂದ, ಒಲೆಯ ತಳದ ಜಾಲರಿಯ ಮೂಲಕವೇ ಬರಬೇಕು. 1808ರಲ್ಲಿ ವಿಲ್ಕ್ಸ್‌-ಬ್ಯಾರಿ ಊರಿನ ಜೆಸ್ಸಿ ಫೆಲ್ ಎಂಬವರು ಕಬ್ಬಿಣದ ಜಾಲರಿಯ ಮೇಲೆ ಉರಿಸಿ ತೋರಿಸಿದ್ದೂ ಇದನ್ನೇ. ಮೊದಲು ಒಣಸೌದೆಯಿಂದ ಒಳ್ಳೆ ಕೆಂಡ ಮಾಡಿಕೊಳ್ಳಿ. ಮೇಲೆ ತೆಳುವಾಗಿ ಕಲ್ಲಿದ್ದಲು ಹರಡಿ, ಅದು ಹತ್ತಿಕೊಂಡ ಮೇಲೆ ಒಲೆಯೊಳಗಿನ ಇಟ್ಟಿಗೆಯ ಅಂಚಿನ ತನಕ ಏರಿಸುತ್ತಾ ಹೋಗಿ. ತೆಳು ಪದರ ನಿಲ್ಲುವುದಿಲ್ಲ, ಆರಿಯೇ ಹೋಗುತ್ತದೆ. ಹೊಸದು ಸುರಿಯುವಾಗ ಒಂದು ಮೂಲೆಯಲ್ಲಿ ಕೆಂಡ ಕಾಣುವಂತೆ ಬಿಡಿ; ಅಲ್ಲಿ ನೀಲಿ ಜ್ವಾಲೆಗಳು ಕುಣಿಯುತ್ತಿದ್ದರೆ ಕಲ್ಲಿದ್ದಲಿನಿಂದ ಹೊರಡುವ ಅನಿಲ ಸರಿಯಾಗಿ ಉರಿಯುತ್ತಿದೆ. ಪೂರ್ತಿ ಮುಚ್ಚಿದಿರೋ, ಅನಿಲ ಒಳಗೇ ತುಂಬಿ ಢಬ್ಬನೆ ಹೊತ್ತಿಕೊಳ್ಳುತ್ತದೆ. ಮೇಲಿನಿಂದ ಕೆದಕಬೇಡಿ. ದಿನಕ್ಕೆರಡು ಸಲ ಜಾಲರಿ ಅಲ್ಲಾಡಿಸಿ ಬೂದಿ ತೆಗೆಯಿರಿ. ಬೂದಿ ಜಾಲರಿಗೆ ತಾಗುವಷ್ಟು ತುಂಬಿದರೆ ಕಬ್ಬಿಣವೇ ಸೊಟ್ಟಗಾದೀತು.

ಚಿಮಣಿ ಶುಚಿ ಮಾಡಿಸಿ, ಮಲಗುವ ಕೋಣೆಯ ಹತ್ತಿರ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸದೆ ದಯವಿಟ್ಟು ಬೆಂಕಿ ಹಚ್ಚಬೇಡಿ. ನಮ್ಮ ಕಡೆ ಚಳಿಗೆಂದು ಅಗ್ಗಿಷ್ಟಿಕೆ ಒಳಗಿಟ್ಟು ಬಾಗಿಲು ಹಾಕಿ ಮಲಗಿದವರ ಜೀವ ತೆಗೆಯುವುದೂ ಇದೇ ಅನಿಲ, ಬಣ್ಣವಿಲ್ಲ, ವಾಸನೆಯಿಲ್ಲ.