ಅಂಕಣದ ಗೆರೆಯಿಂದ ಆಯ್ಕೆ ಸಮಿತಿಯವರೆಗೆ: ಆಟದಲ್ಲಿ ಹೆಣ್ಣುಮಕ್ಕಳ ಕುರಿತ ಪ್ರಶ್ನೋತ್ತರ

ಈ ಸಲದ ಪುಟಕ್ಕೆ ಶಿವಮೊಗ್ಗ ಜಿಲ್ಲೆ ಮತ್ತು ಆಸುಪಾಸಿನ ಮಲೆನಾಡು ತಾಲ್ಲೂಕುಗಳಿಂದ ಬಂದ ಪತ್ರಗಳನ್ನು ಆರಿಸಿಕೊಂಡಿದ್ದೇವೆ. ಕೇಳಿದವರ ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನಮ್ಮೂರ ಯುವಕ ಸಂಘ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆಸುತ್ತದೆ. ಈ ವರ್ಷ ಮಹಿಳೆಯರ ವಿಭಾಗವನ್ನೂ ಸೇರಿಸಿದ್ದಾರೆ. ಇರುವುದು ಒಂದೇ ಅಂಕಣ. ಗಂಡಸರ ಗೆರೆಯಲ್ಲೇ ಆಡಿಸಿದರೆ ತೊಂದರೆಯೇ? ಬಹುಮಾನ ಎಷ್ಟಿಡಬೇಕು?
— ದೈಹಿಕ ಶಿಕ್ಷಕರು, ಹೊಸನಗರ

ಉತ್ತರ: ತೊಂದರೆ ಇದೆ, ಅದೂ ನೇರ ಅಂಕಕ್ಕೆ ತಟ್ಟುವ ತೊಂದರೆ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಹಿಳೆಯರದು 12 ಮೀಟರ್ ಉದ್ದ, 8 ಮೀಟರ್ ಅಗಲ. ಮಧ್ಯಗೆರೆಯಿಂದ ಬಾಕ್ ಲೈನ್ ಪುರುಷರಿಗೆ 3.75 ಮೀಟರ್ ದೂರ, ಮಹಿಳೆಯರಿಗೆ 3 ಮೀಟರ್. ಬೋನಸ್ ಗೆರೆ ಇಬ್ಬರಿಗೂ ಅಲ್ಲಿಂದ ಇನ್ನೊಂದು ಮೀಟರ್ ಆಚೆ. ಯಾರನ್ನೂ ಮುಟ್ಟದೆ, ಬಾಕ್ ಲೈನನ್ನೂ ದಾಟದೆ ವಾಪಸು ಬಂದ ರೈಡರ್ ಔಟ್. ಗಂಡಸರ ಗೆರೆಯಲ್ಲಿ ಆಡಿಸಿದರೆ ಪ್ರತಿ ರೈಡಿನಲ್ಲೂ ಹುಡುಗಿ ಮುಕ್ಕಾಲು ಮೀಟರ್ ಹೆಚ್ಚು ಒಳಗೆ ನುಗ್ಗಬೇಕು. ಆಮೇಲೆ ನೋಡುವವರು ‘ಹುಡುಗಿಯರ ಆಟದಲ್ಲಿ ಪಾಯಿಂಟೇ ಬರಲ್ಲ’ ಎನ್ನುತ್ತಾರೆ. ತಪ್ಪು ಗೆರೆಯದು, ಆಟಗಾರ್ತಿಯದಲ್ಲ.

ಎರಡನ್ನೂ ಒಂದೇ ಜಾಗದಲ್ಲಿ ಹಾಕುವುದು ಕಷ್ಟವಲ್ಲ. ಮಧ್ಯಗೆರೆಯನ್ನು ಎರಡಕ್ಕೂ ಒಂದೇ ಇಟ್ಟುಕೊಳ್ಳಿ. ಪುರುಷರ ಅಂಕಣದ ಎರಡೂ ಬದಿ ಒಂದೊಂದು ಮೀಟರ್ ಅಗಲದ ಪಟ್ಟಿ, ಅಂದರೆ ಲಾಬಿ, ಇರುತ್ತದಲ್ಲ, ಆ ಲಾಬಿ ಗೆರೆಯೇ ಮಹಿಳೆಯರ ಅಂಕಣದ ಹೊರಗೆರೆ. ಅದರಿಂದ ಒಂದು ಮೀಟರ್ ಒಳಗೆ ಮಹಿಳೆಯರ ಲಾಬಿ ಗೆರೆ ಎಳೆಯಿರಿ. ಕೊನೆಗೆರೆ ಎರಡೂ ತುದಿಯಲ್ಲಿ ಅರ್ಧ ಮೀಟರ್ ಒಳಗೆ ಬರುತ್ತದೆ. ಮೂಲೆ ಸರಿಯಿದೆಯೇ ಎಂದು ನೋಡಲು ಟೇಪು ಹಿಡಿಯಿರಿ: ಮಹಿಳೆಯರ ಅರ್ಧ ಅಂಕಣ 6 ಮೀಟರ್‌ಗೆ 8 ಮೀಟರ್, ಅದರ ಮೂಲೆಯಿಂದ ಮೂಲೆಗೆ ಸರಿಯಾಗಿ 10 ಮೀಟರ್ ಬರಬೇಕು. ಬರದಿದ್ದರೆ ಅಂಕಣ ವಾರೆಯಾಗಿದೆ. ಮಹಿಳೆಯರ ಗೆರೆಗೆ ಬೇರೆ ಬಣ್ಣ ಬಳಸಿದರೆ ಅಂಪೈರಿಗೆ ಗೊಂದಲವಾಗುವುದಿಲ್ಲ. ಸುಟ್ಟ ಸುಣ್ಣದ ಪುಡಿ ಮಾತ್ರ ಬೇಡ. ಬೆವರು ತಾಗಿದ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ, ಹಿಡಿತದಲ್ಲಿ ಬೀಳುವವರ ಮುಖ ನೇರ ಗೆರೆಯ ಮೇಲೇ ಬೀಳುತ್ತದೆ. ಚಾಕ್ ಪುಡಿ ಸಾಕು. ನಮ್ಮ ಕಡೆಯ ಜಂಬಿಟ್ಟಿಗೆ ಮಣ್ಣಿನಲ್ಲಿ ಹರಳು ಹೆಚ್ಚು. ಜರಡಿ ಹಿಡಿದ ಕೆಮ್ಮಣ್ಣಿಗೆ ಸಾಮಿಲ್ಲಿನ ಮರದ ಹೊಟ್ಟು ಬೆರೆಸಿ ಹಾಸಿ. ಮಹಿಳೆಯರ ಪಂದ್ಯಕ್ಕೆ 15 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ಬಿಡುವು. ಹಿರಿಯರ (ಸೀನಿಯರ್) ವಿಭಾಗದಲ್ಲಿ ತೂಕದ ಮಿತಿ 75 ಕೆ.ಜಿ.

ಬಹುಮಾನ ಸಮ ಇಡಿ. ಪ್ರವೇಶ ಶುಲ್ಕ ಸಮನಾಗಿ ತೆಗೆದುಕೊಂಡು ಬಹುಮಾನವನ್ನು ಕಾಲುಭಾಗ ಮಾಡುವ ಪಂದ್ಯಾವಳಿಗಳನ್ನು ನಾವು ಒಪ್ಪುವುದಿಲ್ಲ. ಸಂಘದಲ್ಲಿ ಯಾರಾದರೂ ತಕರಾರು ತೆಗೆದರೆ ಉದಾಹರಣೆ ಕೊಡಿ: ವಿಂಬಲ್ಡನ್ 2007ರಿಂದ ಸಮಾನ ಬಹುಮಾನ ಕೊಡುತ್ತಿದೆ. ಬಿಸಿಸಿಐ 2022ರ ಅಕ್ಟೋಬರಿನಲ್ಲಿ ಮಹಿಳೆಯರ ಪಂದ್ಯ ಶುಲ್ಕವನ್ನು ಪುರುಷರಷ್ಟೇ ಮಾಡಿತು: ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ ರೂಪಾಯಿ. ಇನ್ನೊಂದು ಮಾತು. ಗಂಡಸರ ಪಂದ್ಯ ಎಳೆದಂತೆಲ್ಲ ಹುಡುಗಿಯರ ಪಂದ್ಯವನ್ನು ನಡುರಾತ್ರಿಗೆ ತಳ್ಳುವ ರೂಢಿ ಇದೆ. ಹೊರಗಿನ ತಂಡಗಳು ವಾಪಸು ಹೋಗಬೇಕು, ಸಂಜೆಯ ಮೊದಲ ಪಂದ್ಯಗಳೇ ಅವರದಾಗಲಿ. ಬಟ್ಟೆ ಬದಲಿಸಲು ಬೀಗ, ಬಲ್ಬು ಎರಡೂ ಇರುವ ಒಂದು ಕೋಣೆಯನ್ನು ಶಾಲೆಯಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ.

ಪ್ರಶ್ನೆ: ಮಗಳಿಗೆ 14 ವರ್ಷ, 800 ಮೀಟರ್ ಓಡುತ್ತಾಳೆ. ಈಚೆಗೆ ಬೇಗ ಸುಸ್ತಾಗುತ್ತಾಳೆ. ಮುಟ್ಟಿನ ದಿನ ಓಡಬಾರದು ಎಂದು ಅತ್ತೆಯವರು ಹೇಳುತ್ತಾರೆ. ಶಾಲೆಯವರು ಕೊಟ್ಟದ್ದು ಬಿಳಿ ಚಡ್ಡಿ. ಅವಳು ಆಟವನ್ನೇ ಬಿಡುತ್ತೇನೆ ಅನ್ನುತ್ತಿದ್ದಾಳೆ.
— ಒಬ್ಬ ತಾಯಿ, ತೀರ್ಥಹಳ್ಳಿ

ಉತ್ತರ: ಬಿಡಿಸಬೇಡಿ. ಮೊದಲು ಸುಸ್ತಿನ ಕಾರಣ ಹುಡುಕೋಣ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಈ ವಯಸ್ಸಿನ ಹುಡುಗಿಗೆ 12 ಗ್ರಾಮಿಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಬೆಳೆಯುವ ವಯಸ್ಸು, ಮುಟ್ಟು, ಓಟ ಮೂರೂ ಸೇರಿದಾಗ ಕಬ್ಬಿಣಾಂಶ ಬೇಗ ಖಾಲಿಯಾಗುತ್ತದೆ. ಮೊದಲ ಸುತ್ತು ಚೆನ್ನಾಗಿ ಓಡಿ ಎರಡನೇ ಸುತ್ತಿನಲ್ಲಿ ಕಾಲು ಕಟ್ಟಿದಂತಾಗುವುದಕ್ಕೆ ಎಷ್ಟೋ ಸಲ ಇದೇ ಕಾರಣ. ತರಬೇತುದಾರರು ಅದನ್ನು ಸೋಮಾರಿತನ ಅಂದುಕೊಳ್ಳುತ್ತಾರೆ.

ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಹಲವು ಮಕ್ಕಳು ಹೊಟ್ಟೆ ತೊಳಸುತ್ತದೆ ಎಂದು ಅದನ್ನು ಬಿಸಾಡುತ್ತಾರೆ. ಊಟವಾದ ಮೇಲೆ ನುಂಗಿದರೆ ತೊಳಸುವುದು ಕಡಿಮೆ. ಮಲ ಕಪ್ಪಾದರೆ ಹೆದರಬೇಕಿಲ್ಲ, ಅದು ಮಾತ್ರೆಯ ಗುಣ. ನಮ್ಮ ಮನೆಗಳಲ್ಲಿ ಕೆಡುವುದು ಕಾಫಿಯಿಂದ. ಊಟದ ಬೆನ್ನಿಗೇ ಕಾಫಿಯೋ ಚಹಾವೋ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಎರಡು ಗಂಟೆ ಅಂತರ ಇಡಿ. ನುಗ್ಗೆಸೊಪ್ಪು, ಬಸಳೆ, ಹುರುಳಿ, ರಾಗಿ ಉಣ್ಣುವಾಗ ಲಿಂಬೆ ಹಿಂಡಿ, ಇಲ್ಲವೇ ನೆಲ್ಲಿಕಾಯಿ ಕೊಡಿ. ಮೀನು, ಮಾಂಸ ತಿನ್ನುವ ಮನೆಯಾದರೆ ಇನ್ನೂ ಒಳ್ಳೆಯದು. ವರ್ಷಕ್ಕೆ ಎರಡು ಸಲ ಶಾಲೆಯಲ್ಲಿ ಕೊಡುವ ಜಂತುಹುಳದ ಮಾತ್ರೆಯನ್ನು ತಪ್ಪಿಸಬೇಡಿ. ರಕ್ತಹೀನತೆ ಇದೆ ಎಂದು ಗೊತ್ತಾದರೆ ವಾರದ ಮಾತ್ರೆ ಸಾಲದು, ಪ್ರಮಾಣವನ್ನು ವೈದ್ಯರೇ ಹೇಳಬೇಕು. ಒಂದು ತಿಂಗಳ ಮೇಲೆ ಮತ್ತೆ ಪರೀಕ್ಷಿಸಿದಾಗ ಒಂದು ಗ್ರಾಮಾದರೂ ಏರಿರಬೇಕು. ಏರದಿದ್ದರೆ ಬೇರೆ ಕಾರಣ ಹುಡುಕಬೇಕು.

ಮುಟ್ಟಿನ ದಿನ ಓಡುವುದರಿಂದ ಹಾನಿಯಿಲ್ಲ ಎಂದು ಅತ್ತೆಯವರಿಗೆ ಸಮಾಧಾನವಾಗಿ ಹೇಳಿ. ನೋವು ಹೆಚ್ಚಿದ್ದರೆ ಆ ದಿನದ ಅಭ್ಯಾಸ ಹಗುರ ಮಾಡಿದರಾಯಿತು. ಚಿಂತೆ ಮಾಡಬೇಕಾದದ್ದು ಬೇರೆ: ಬರುತ್ತಿದ್ದ ಮುಟ್ಟು ಮೂರು ತಿಂಗಳು ನಿಂತರೆ, ಅದನ್ನು ‘ಆಟ ಆಡ್ತಾಳಲ್ಲ, ಹಾಗೇ’ ಎಂದು ಬಿಡಬಾರದು. ಓಟಕ್ಕೆ ತಕ್ಕಷ್ಟು ಊಟ ಬೀಳುತ್ತಿಲ್ಲ ಎಂಬುದರ ಗುರುತು ಅದಾಗಿರಬಹುದು. ಹಾಗೇ ಮುಂದುವರಿದರೆ ಮೂಳೆ ಸವೆದು ಕಣಕಾಲಿನಲ್ಲಿ ಸಣ್ಣ ಬಿರುಕು ಬೀಳುತ್ತದೆ. ವೈದ್ಯರಿಗೆ ತೋರಿಸಿ.

ಬಿಳಿ ಚಡ್ಡಿಯ ವಿಷಯ ಸಣ್ಣದಲ್ಲ. ಬಿಳಿ ಬಟ್ಟೆಯ ಕಟ್ಟುನಿಟ್ಟಿಗೆ ಹೆಸರಾದ ವಿಂಬಲ್ಡನ್ ಕೂಡ 2023ರಲ್ಲಿ ಮಹಿಳೆಯರಿಗೆ ಗಾಢ ಬಣ್ಣದ ಒಳಚಡ್ಡಿ ತೊಡಲು ಒಪ್ಪಿತು. ಅದೇ ವರ್ಷ ಇಂಗ್ಲೆಂಡ್ ಮಹಿಳಾ ಫುಟ್‌ಬಾಲ್ ತಂಡ ಬಿಳಿ ಚಡ್ಡಿ ಬಿಟ್ಟು ನೀಲಿಗೆ ಬಂತು. ತಂಡದ ಹುಡುಗಿಯರ ತಾಯಂದಿರು ಸೇರಿ ಮುಖ್ಯ ಶಿಕ್ಷಕರಿಗೆ ಒಂದು ಪತ್ರ ಕೊಡಿ: ಕಪ್ಪು ಅಥವಾ ಕಡುನೀಲಿ, ಮೊಣಕಾಲಿನವರೆಗಿನ ಬಿಗಿ ಚಡ್ಡಿ, ಬೇಕೆಂದವರಿಗೆ ಮೇಲೊಂದು ಸಡಿಲ ಚಡ್ಡಿ. ಕೂಟಕ್ಕೆ ಹೋಗುವಾಗ ಚೀಲದಲ್ಲಿ ನಾಲ್ಕು ಪ್ಯಾಡ್, ಬದಲಿ ಒಳಉಡುಪು, ಹಳೇ ಪೇಪರು, ಕಟ್ಟುವ ಒಂದು ಕವರು ಇರಲಿ. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಮಳೆಗಾಲದಲ್ಲಿ ಬಟ್ಟೆಯ ಪ್ಯಾಡ್ ಬಳಸುವವರಿಗೆ ಒಂದು ಎಚ್ಚರಿಕೆ: ಒಳಗೆ ಹಗ್ಗಕ್ಕೆ ಹಾಕಿ ಅರೆ ಒಣಗಿದ್ದನ್ನು ಮತ್ತೆ ಬಳಸಿದರೆ ತುರಿಕೆ, ಸೋಂಕು ಖಂಡಿತ. ಬಚ್ಚಲ ಒಲೆಯ ಪಕ್ಕ ಪೂರ್ತಿ ಒಣಗಿಸಿ, ಬಿಸಿ ಇಸ್ತ್ರಿ ಹಾಕಿ. ಹುಡುಗಿ ನಾಚಿ ಬಟ್ಟೆಯ ಅಡಿ ಮುಚ್ಚಿ ಒಣಹಾಕುತ್ತಾಳೆ, ಅದನ್ನು ನೀವೇ ತಪ್ಪಿಸಬೇಕು.

ಪ್ರಶ್ನೆ: ಸಂಜೆ ಅಭ್ಯಾಸ ಮುಗಿಯುವಷ್ಟರಲ್ಲಿ ನಮ್ಮೂರ ಕೊನೇ ಬಸ್ಸು ಹೋಗಿರುತ್ತದೆ. ಉಚಿತ ಪ್ರಯಾಣವೂ ಇಲ್ಲಿ ಉಪಯೋಗಕ್ಕಿಲ್ಲ. ಏನು ಮಾಡಬಹುದು?
— ಪಿಯುಸಿ ವಿದ್ಯಾರ್ಥಿನಿ, ಸೊರಬ

ಉತ್ತರ: 2023ರ ಜೂನ್ 11ರಿಂದ ಇರುವ ಶಕ್ತಿ ಯೋಜನೆ ಸರ್ಕಾರಿ ಸಾರಿಗೆ ಬಸ್ಸುಗಳಿಗೆ ಮಾತ್ರ. ಖಾಸಗಿ ಬಸ್ಸುಗಳನ್ನೇ ನಂಬಿದ ಮಲೆನಾಡಿನ ಒಳದಾರಿಗಳಿಗೆ ಅದು ತಲುಪಿಲ್ಲ, ಈ ಅನ್ಯಾಯವನ್ನು ಮತ್ತೆ ಮತ್ತೆ ಹೇಳಬೇಕಾಗಿದೆ. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಎರಡು ಅರ್ಜಿ ಹಾಕಿಸಿ. ಒಂದು, ಸಂಜೆ ಬಸ್ಸು ಬಿಡುವಂತೆ ಕೆಎಸ್‌ಆರ್‌ಟಿಸಿ ಡಿಪೋ ವ್ಯವಸ್ಥಾಪಕರಿಗೆ. ಇನ್ನೊಂದು, ಖಾಸಗಿ ಬಸ್ಸಿನ ವೇಳೆ ಬದಲಿಸುವಂತೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ. ಎಷ್ಟು ವಿದ್ಯಾರ್ಥಿನಿಯರು, ಯಾವ ಊರು, ಎಷ್ಟು ಗಂಟೆಗೆ ಎಂಬ ಪಟ್ಟಿ ಜೊತೆಗಿರಲಿ. ಪಟ್ಟಿಯಿಲ್ಲದ ಅರ್ಜಿ ಕಡತದಲ್ಲೇ ಉಳಿಯುತ್ತದೆ. ಅಲ್ಲಿಯವರೆಗೆ ಅಭ್ಯಾಸವನ್ನು ಬೆಳಗ್ಗೆ ತರಗತಿಗೆ ಮುಂಚೆ ಇಡಲು ಉಪನ್ಯಾಸಕರನ್ನು ಕೇಳಿ.

ಪ್ರಶ್ನೆ: ತರಬೇತಿ ಶಿಬಿರದಲ್ಲಿ ಕೋಚ್ ಒಬ್ಬರು ನನ್ನ ಗೆಳತಿಗೆ ರಾತ್ರಿ ಮೆಸೇಜು ಕಳಿಸುವುದು, ಮೈಮುಟ್ಟಿ ಮಾತಾಡುವುದು ಮಾಡುತ್ತಾರೆ. ಅವಳಿಗೆ 17, ನನಗೆ 19. ಹೇಳಿದರೆ ತಂಡದಿಂದ ತೆಗೆಯುತ್ತಾರೆ ಎಂಬ ಭಯ. ಯಾರಿಗೆ ದೂರು ಕೊಡಬೇಕು?
— ಕಾಲೇಜು ವಿದ್ಯಾರ್ಥಿನಿ, ಸಾಗರ

ಉತ್ತರ: ನೀವು ಬರೆದು ಕೇಳಿದ್ದು ಒಳ್ಳೆಯದಾಯಿತು. ಇಲ್ಲಿ ವಯಸ್ಸು ಮುಖ್ಯ. ಗೆಳತಿಗೆ 18 ತುಂಬಿಲ್ಲ, ಆದ್ದರಿಂದ ಇದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ 2012ರ ಪೋಕ್ಸೊ ಕಾಯ್ದೆಗೆ ಬರುತ್ತದೆ. ತಿಳಿದವರು ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಇಂಥ ಕೃತ್ಯವನ್ನು ಮುಚ್ಚಿಟ್ಟರೆ ಅವರಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು. ‘ದೊಡ್ಡವರು ಕೂತು ಮಾತಾಡಿ ಮುಗಿಸೋಣ’ ಎಂಬುದಕ್ಕೆ ಈ ಕಾಯ್ದೆಯಲ್ಲಿ ಜಾಗವಿಲ್ಲ. ಮೊದಲ ಕರೆ 1098ಕ್ಕೆ ಮಾಡಿ, ಅದು ಮಕ್ಕಳ ಸಹಾಯವಾಣಿ. ತುರ್ತಾದರೆ 112. ಶಿಬಿರ ಬೇರೆ ಜಿಲ್ಲೆಯಲ್ಲಿ ನಡೆದಿದ್ದರೂ ನಿಮ್ಮೂರ ಠಾಣೆಯಲ್ಲೇ ದೂರು ದಾಖಲಿಸಬಹುದು, ‘ನಮ್ಮ ಸರಹದ್ದಲ್ಲ’ ಎಂದು ವಾಪಸು ಕಳಿಸುವಂತಿಲ್ಲ. ಅವಳ ಹೇಳಿಕೆಯನ್ನು ಮನೆಯಲ್ಲೇ ಅಥವಾ ಅವಳು ಹೇಳಿದ ಜಾಗದಲ್ಲಿ, ಆದಷ್ಟೂ ಮಹಿಳಾ ಸಬ್‌ಇನ್‌ಸ್ಪೆಕ್ಟರ್ ದರ್ಜೆಯವರು ಸಮವಸ್ತ್ರವಿಲ್ಲದೆ ಬಂದು ಬರೆದುಕೊಳ್ಳಬೇಕು. ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಅವಳ ಹೆಸರು, ಶಾಲೆ, ಫೋಟೊ ಯಾವ ಪತ್ರಿಕೆಯಲ್ಲೂ ಬರಬಾರದು. ದೂರು ಸುಳ್ಳೆಂದು ತೀರ್ಮಾನವಾದರೂ ಮಗುವಿಗೆ ಶಿಕ್ಷೆಯಿಲ್ಲ.

ನಿಮಗೂ ಹಾಗೇ ಆಗಿದ್ದರೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಇದೆ. ಕ್ರೀಡಾ ಸಂಸ್ಥೆ, ಕ್ರೀಡಾಂಗಣ, ಪಂದ್ಯ ನಡೆಯುವ ಜಾಗ, ವಸತಿ ಶಿಬಿರ ಎಲ್ಲವೂ ಈ ಕಾಯ್ದೆಯಲ್ಲಿ ‘ಕೆಲಸದ ಸ್ಥಳ’ವೇ. ನೀವು ಅಲ್ಲಿ ಸಂಬಳಕ್ಕಿರಬೇಕೆಂದಿಲ್ಲ. ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಬೇಕು: ಅಧ್ಯಕ್ಷೆ ಮಹಿಳೆ, ಅರ್ಧದಷ್ಟಾದರೂ ಸದಸ್ಯೆಯರು, ಹೊರಗಿನವರೊಬ್ಬರು. ಅದಕ್ಕಿಂತ ಸಣ್ಣ ಅಕಾಡೆಮಿಯಾದರೆ, ಅಥವಾ ದೂರು ಮಾಲೀಕನ ಮೇಲೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬೇಕು. ತಾಲ್ಲೂಕು ಮಟ್ಟದ ನೋಡಲ್ ಅಧಿಕಾರಿಗೆ ಕೊಟ್ಟರೆ ಅವರು ಏಳು ದಿನದಲ್ಲಿ ಸಮಿತಿಗೆ ತಲುಪಿಸಬೇಕು. ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬೇಕು, ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಕೊಡುತ್ತಾರೆ. ದೂರಿನ ಆರು ಪ್ರತಿ, ಸಾಕ್ಷಿಗಳ ಹೆಸರು, ವಿಳಾಸ ಬೇಕು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು.

ಇಂದೇ ಮಾಡಬೇಕಾದ ಕೆಲಸವೊಂದಿದೆ. ಮೆಸೇಜು ಅಳಿಸಬೇಡಿ, ತಾನಾಗಿ ಅಳಿಯುವ ವ್ಯವಸ್ಥೆ ಫೋನಿನಲ್ಲಿ ಆನ್ ಆಗಿದ್ದರೆ ಆಫ್ ಮಾಡಿ. ನಂಬರ್, ತಾರೀಕು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಇನ್ನೊಬ್ಬರಿಗೂ ಕಳಿಸಿಡಿ. ಯಾವ ದಿನ, ಎಲ್ಲಿ, ಏನಂದರು, ಪಕ್ಕದಲ್ಲಿ ಯಾರಿದ್ದರು ಎಂದು ಗೆಳತಿ ತನ್ನ ಕೈಬರಹದಲ್ಲೇ ಬರೆದಿಡಲಿ. ತಂಡದಿಂದ ತೆಗೆಯುವ ಭಯಕ್ಕೂ ದಾರಿಯಿದೆ: ವಿಚಾರಣೆ ಮುಗಿಯುವವರೆಗೆ ಆ ವ್ಯಕ್ತಿಯನ್ನು ಆಯ್ಕೆ ಸಮಿತಿಯಿಂದ ದೂರ ಇಡಬೇಕೆಂದು ದೂರಿನಲ್ಲೇ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ದಾಖಲೆ ಉಳಿಯುವುದಿಲ್ಲ.

ಪ್ರಶ್ನೆ: ನಮ್ಮ ಹುಡುಗಿ ಎತ್ತರ, ದನಿ ಗಡುಸು, ಗಿಡ್ಡ ಕೂದಲು. ವಲಯ ಕ್ರೀಡಾಕೂಟದಲ್ಲಿ ಗೆದ್ದಾಗ ‘ಇವಳು ಹುಡುಗಿಯೇ ಅಲ್ಲ’ ಎಂದು ತಕರಾರು ತೆಗೆದರು. ಈಗ ಜೀನ್ ಪರೀಕ್ಷೆ ಕಡ್ಡಾಯವಂತೆ, ಹೌದೇ?
— ಒಬ್ಬ ಪೋಷಕರು, ಭದ್ರಾವತಿ

ಉತ್ತರ: ಶಾಲಾ ಕೂಟಕ್ಕೆ ಅಲ್ಲ. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2025ರ ಸೆಪ್ಟೆಂಬರ್ 1ರಿಂದ ಎಸ್‌ಆರ್‌ವೈ ಜೀನ್ (ವೈ ವರ್ಣತಂತುವಿನಲ್ಲಿದ್ದು ಗಂಡುಲಕ್ಷಣ ಶುರುಮಾಡುವ ಜೀನ್) ಪರೀಕ್ಷೆ ತಂದಿದೆ. ಕೆನ್ನೆಯ ಒಳಗಿನ ದ್ರವ ಅಥವಾ ರಕ್ತದಿಂದ, ಜೀವಮಾನದಲ್ಲಿ ಒಮ್ಮೆ ಮಾಡುವ ಪರೀಕ್ಷೆ. ಅದು ವಿಶ್ವ ಶ್ರೇಯಾಂಕಕ್ಕೆ ಲೆಕ್ಕವಾಗುವ ಮಹಿಳಾ ಸ್ಪರ್ಧೆಗಳಿಗೆ ಅನ್ವಯ. ವಲಯ, ತಾಲ್ಲೂಕು ಕೂಟದಲ್ಲಿ ಇದನ್ನು ಕೇಳುವ ಅಧಿಕಾರ ಯಾರಿಗೂ ಇಲ್ಲ. ಆಕ್ಷೇಪವಿದ್ದರೆ ಎದುರು ತಂಡ ಬರವಣಿಗೆಯಲ್ಲಿ ಕೊಡಲಿ. ನೀವು ತೋರಿಸಬೇಕಾದದ್ದು ಜನನ ಪ್ರಮಾಣಪತ್ರ, ಶಾಲಾ ದಾಖಲಾತಿ, ಆಧಾರ್ ಅಷ್ಟೇ. ‘ಒಳಗೆ ಕರೆದುಕೊಂಡು ಹೋಗಿ ನೋಡಿ’ ಎಂಬ ಮಾತು ಬಂದರೆ ಅಲ್ಲೇ ತಡೆಯಿರಿ, ಅಪ್ರಾಪ್ತ ಬಾಲಕಿಗೆ ಹಾಗೆ ಮಾಡಿದರೆ ಪೋಕ್ಸೊ ಪ್ರಕರಣವೇ ಆಗಬಹುದು.

ಇಂಥ ಅನುಮಾನಕ್ಕೆ ನಮ್ಮ ದೇಶ ದೊಡ್ಡ ಬೆಲೆ ತೆತ್ತಿದೆ. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ 800 ಮೀಟರ್ ಬೆಳ್ಳಿ ಗೆದ್ದ ತಮಿಳುನಾಡಿನ ಶಾಂತಿ ಸೌಂದರರಾಜನ್ ಅವರಿಂದ ಪದಕ ಕಿತ್ತುಕೊಂಡರು, ವಿಷಯವನ್ನು ಊರೆಲ್ಲ ಸಾರಿದರು. ಒಡಿಶಾದ ಓಟಗಾರ್ತಿ ದ್ಯುತಿ ಚಂದ್ ಅವರನ್ನು, ಮೈಯಲ್ಲಿ ಗಂಡು ಹಾರ್ಮೋನು ಟೆಸ್ಟೋಸ್ಟಿರಾನ್ ಮಿತಿ ಮೀರಿದೆ ಎಂಬ ನಿಯಮದಡಿ, 2014ರಲ್ಲಿ ತಂಡದಿಂದ ಕೈಬಿಟ್ಟರು. ಅವರು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಗೆ ಹೋದರು, 2015ರ ಜುಲೈನಲ್ಲಿ ಆ ನಿಯಮವೇ ಅಮಾನತಾಯಿತು. 2018ರ ಜಕಾರ್ತಾ ಏಷ್ಯನ್ ಕೂಟದಲ್ಲಿ ಅವರು ಎರಡು ಬೆಳ್ಳಿ ತಂದರು. ಮಹಿಳಾ ವಿಭಾಗ ನ್ಯಾಯವಾಗಿರಬೇಕು ಎಂಬ ಕಾಳಜಿ ಸುಳ್ಳಲ್ಲ. ಗಂಡಿನ ಹರೆಯ ಕೊಡುವ ಎತ್ತರ, ಸ್ನಾಯು, ವೇಗ ನಿಜವಾದ ಲಾಭವೇ. ಆದರೆ ಅದನ್ನು ಅಳೆಯುವುದು ವೈದ್ಯರ ಗುಟ್ಟಿನ ಕೋಣೆಯಲ್ಲಿ, ಮೈಕಿನ ಮುಂದಲ್ಲ. ಕೂದಲು, ದನಿ ನೋಡಿ ತೀರ್ಪು ಕೊಡುವವರಿಗೆ ನಿಮ್ಮ ಮಗಳು ಉತ್ತರ ಕೊಡಬೇಕಾಗಿಲ್ಲ.

ಪ್ರಶ್ನೆ: ಹುಡುಗಿಯರಿಗೂ ಸಿಗುವಂಥ ಒಂದು ಮೈದಾನ ಬೇಕೆಂದು ಗ್ರಾಮಸಭೆಯಲ್ಲಿ ಕೇಳಬೇಕೆಂದಿದ್ದೇವೆ. ಹೇಗೆ ಕೇಳಬೇಕು?
— ಸ್ತ್ರೀಶಕ್ತಿ ಸಂಘದ ಸದಸ್ಯೆ, ಕೊಪ್ಪ

ಉತ್ತರ: ‘ಮೈದಾನ ಬೇಕು’ ಎಂದಷ್ಟೇ ಕೇಳಿದರೆ ಅದು ಹುಡುಗರ ಕ್ರಿಕೆಟ್ ಮೈದಾನವಾಗುತ್ತದೆ. ಶೌಚಾಲಯ, ನೀರು, ಬೇಲಿ, ದೀಪ, ವಾರದಲ್ಲಿ ಹುಡುಗಿಯರಿಗೇ ಮೀಸಲಾದ ವೇಳೆ, ಇಷ್ಟನ್ನೂ ಮನವಿಯಲ್ಲಿ ಬರೆಯಿರಿ. ಮೊದಲು ಮಹಿಳಾ ಗ್ರಾಮಸಭೆಯಲ್ಲಿ ಮಂಡಿಸಿ, ನಡಾವಳಿ ಪುಸ್ತಕದಲ್ಲಿ ಸೇರಿತೇ ಎಂದು ಕಣ್ಣಾರೆ ನೋಡಿ, ಪ್ರತಿ ಕೇಳಿ. ಕೊಡದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಬರಬೇಕು. ರಾಜ್ಯದ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಶೇ. 50 ಸ್ಥಾನ ಮೀಸಲಿದೆ. ಸದಸ್ಯೆಯ ಬದಲು ಗಂಡ ಎದ್ದು ಮಾತಾಡಿದರೆ ‘ಸದಸ್ಯರೇ ಹೇಳಲಿ’ ಎಂದು ಅಲ್ಲೇ ಕೇಳಿ, ಆಕ್ಷೇಪವನ್ನು ನಡಾವಳಿಗೆ ಸೇರಿಸಿ.

ಮಲೆನಾಡಿನಲ್ಲಿ ಇಂಥ ಮನವಿ ಬೀಳುವುದು ಜಾಗದ ವಿಷಯದಲ್ಲಿ. ಖಾಲಿ ಕಾಣುವ ಬ್ಯಾಣ (ಹುಲ್ಲುಗಾವಲು) ದಾಖಲೆಯಲ್ಲಿ ತೋಟಕ್ಕೆ ಸೊಪ್ಪು ತರಲು ಬಿಟ್ಟ ಸೊಪ್ಪಿನಬೆಟ್ಟವೋ, ದನ ಮೇಯುವ ಗೋಮಾಳವೋ, ಅರಣ್ಯವೆಂದೇ ಪರಿಗಣಿಸಿದ ಡೀಮ್ಡ್ ಅರಣ್ಯವೋ ಆಗಿರುತ್ತದೆ. ಜೆಸಿಬಿ ಇಳಿಸಿದ ಮೇಲೆ ಅರಣ್ಯ ಇಲಾಖೆ ಮೊಕದ್ದಮೆ ಹೂಡಿದರೆ ಕೆಲಸ ವರ್ಷಗಟ್ಟಲೆ ನಿಲ್ಲುತ್ತದೆ. ಆದ್ದರಿಂದ ಸರ್ವೆ ನಂಬರಿನ ಪಹಣಿ ತೆಗೆಸಿ, ಗ್ರಾಮ ಆಡಳಿತಾಧಿಕಾರಿಯಿಂದ ನಕ್ಷೆ ನೋಡಿಸಿ, ಅರಣ್ಯ ಇಲಾಖೆಯಿಂದ ಲಿಖಿತ ಉತ್ತರ ಪಡೆದು ಮನವಿಗೆ ಲಗತ್ತಿಸಿ. ಶಾಲೆಯ ಹೆಸರಿನಲ್ಲೇ ಪಹಣಿ ಇರುವ ಜಾಗ ಸಿಕ್ಕರೆ ಬೇರೆಡೆ ಹುಡುಕಬೇಡಿ. ಚಿಕ್ಕದಾದರೂ ಅಡ್ಡಿಯಿಲ್ಲ, 12 ಮೀಟರ್‌ಗೆ 8 ಮೀಟರಿನ ಕಬಡ್ಡಿ ಅಂಕಣ, ಸುತ್ತ ನಾಲ್ಕು ಮೀಟರ್ ಜಾಗ ಸಿಕ್ಕರೆ ಕೆಲಸ ಶುರುಮಾಡಬಹುದು. ಇಳಿಜಾರಿನ ಮೇಲ್ಬದಿಗೆ ಚರಂಡಿ ತೋಡಿಸುವುದನ್ನು ಅಂದಾಜುಪಟ್ಟಿಯಲ್ಲೇ ಸೇರಿಸಿ. ಇಲ್ಲದಿದ್ದರೆ ಮೊದಲ ಮಳೆಗಾಲಕ್ಕೇ ಹಾಸಿದ ಮಣ್ಣು ಕೊಚ್ಚಿಹೋಗುತ್ತದೆ.