ಹೇಳಿದ ಮಾತು ಕೇಳದ ಕೈಗಳು

ಪ್ರಶ್ನೆ: ನಮ್ಮದು ದಾವಣಗೆರೆಯ ನಿಟುವಳ್ಳಿ, ಕೂಡುಕುಟುಂಬ. ನಾನು ಸಹಕಾರ ಸಂಘವೊಂದರಲ್ಲಿ ಗುಮಾಸ್ತೆ, ನಮ್ಮ ಮನೆಯವರದು ಹಾರ್ಡ್‌ವೇರ್ ಅಂಗಡಿ. ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ತರಗತಿ. ಬಾಯಿಪಾಠದಲ್ಲಿ ಮುಂದು. ಕಥೆ ಹೇಳಲು ಕೂತರೆ ಮನೆಯವರೆಲ್ಲ ಕೆಲಸ ಬಿಟ್ಟು ಕೇಳುತ್ತೇವೆ. ಆದರೆ ಇವತ್ತಿಗೂ ಶೂ ಲೇಸ್ ಕಟ್ಟಲು ಬರುವುದಿಲ್ಲ, ಅಂಗಿಯ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಬೇಕು, ಬರೆದದ್ದನ್ನು ಅವನೇ ಓದಲಾರ. ಮೈದುನನ ಆರು ವರ್ಷದ ಮಗಳು ಸರಾಗವಾಗಿ ಸೈಕಲ್ ಹೊಡೆಯುತ್ತಾಳೆ, ಇವನು ಹತ್ತಲೂ ಹೆದರುತ್ತಾನೆ. ನಮ್ಮ ಮನೆಯವರು ಕಾಲೇಜಿನಲ್ಲಿ ಕಬಡ್ಡಿ ಆಟಗಾರರು. ಪ್ರತಿ ಭಾನುವಾರ ಬೆಳಿಗ್ಗೆ ಅವನನ್ನು ಸೈಕಲ್ ಸಮೇತ ಮೈದಾನಕ್ಕೆ ಕರೆದೊಯ್ಯುತ್ತಾರೆ, ಇಬ್ಬರೂ ಮುಖ ಊದಿಸಿಕೊಂಡು ಬರುತ್ತಾರೆ. ಕಳೆದ ವಾರ ಬೆಣ್ಣೆದೋಸೆ ಹೋಟೆಲಿನಲ್ಲಿ ನೀರಿನ ಲೋಟ ಉರುಳಿಸಿದನೆಂದು ಎಲ್ಲರ ಮುಂದೆ ಹೊಡೆದರು. ಆ ರಾತ್ರಿ ಮಗ, ‘ನನ್ನ ಕೈ ನಾನು ಹೇಳಿದ್ದು ಕೇಳುವುದಿಲ್ಲಮ್ಮ’ ಎಂದ.

ನಾನು ತುತ್ತು ಮಾಡಿ ತಿನ್ನಿಸಿ ಕೆಡಿಸಿದ್ದೇನೆ ಎಂದು ಇವರ ವಾದ. ಅಂಬೆಗಾಲಿಡದೆ ನೇರ ನಡೆದದ್ದೇ ದೋಷ ಎಂದು ಅತ್ತೆ. ಎಂಟನೇ ತಿಂಗಳಲ್ಲಿ ಹುಟ್ಟಿದ ಮಗು, ತೂಕ 1.8 ಕೆ.ಜಿ. ಇತ್ತು, ಅದರಿಂದಲೇ ಇರಬೇಕೆಂದು ನನಗೆ ಅನ್ನಿಸುತ್ತದೆ. ಚಿಕ್ಕವನಿದ್ದಾಗ ಎಡಗೈಯಲ್ಲಿ ಪೆನ್ಸಿಲ್ ಹಿಡಿಯುತ್ತಿದ್ದ, ಅತ್ತೆ ಬಿಡಿಸಿದರು. ವೈದ್ಯರಿಗೆ ತೋರಿಸೋಣ ಎಂದರೆ ‘ನನ್ನ ಮಗನಿಗೆ ರೋಗ ಅಂಟಿಸಬೇಡ’ ಎಂದು ಇವರು ರೇಗುತ್ತಾರೆ. ಬರುವ ಬೇಸಿಗೆಗೆ ಕ್ರಿಕೆಟ್ ಶಿಬಿರಕ್ಕೆ ಹಾಕುತ್ತಾರಂತೆ. ಇವರಿಗೆ ತಿಳಿಸದೆ ನಾನೇ ವೈದ್ಯರ ಬಳಿ ಕರೆದುಕೊಂಡು ಹೋಗಲೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ಒಬ್ಬ ಹುಡುಗನ ಬಗ್ಗೆ ದೊಡ್ಡವರು ಮೂವರೂ ಒಂದೊಂದು ಕಾರಣ ಹುಡುಕಿಕೊಂಡು ಕೂತಿದ್ದೀರಿ. ನಿಜಕ್ಕೆ ಎಲ್ಲರಿಗಿಂತ ಹತ್ತಿರ ಹೋಗಿರುವವನು ಆ ಹುಡುಗನೇ. ಮನಸ್ಸಿನಲ್ಲಿ ಅಂದುಕೊಂಡದ್ದು ಕೈಗೆ ಬರುವುದಿಲ್ಲ ಎಂದು ಅವನು ಹೇಳಿದ್ದಾನೆ. ಸೋಮಾರಿಯಾದ ಹುಡುಗ ಹಾಗೆ ಹೇಳುವುದಿಲ್ಲ, ‘ನನಗೆ ಬೇಡ’ ಎನ್ನುತ್ತಾನೆ.

ನೀವು ಬರೆದ ಲಕ್ಷಣಗಳೆಲ್ಲ ಒಟ್ಟಿಗೆ ಕಂಡುಬಂದಾಗ ವೈದ್ಯರು ಮೊದಲು ಯೋಚಿಸುವುದು ಡೆವಲಪ್‌ಮೆಂಟಲ್ ಕೋಆರ್ಡಿನೇಶನ್ ಡಿಸಾರ್ಡರ್ ಎಂಬ ತೊಂದರೆಯನ್ನು. ಕೆಲವರು ಡಿಸ್‌ಪ್ರಾಕ್ಸಿಯಾ ಎಂದೂ ಕರೆಯುತ್ತಾರೆ. ಸ್ನಾಯುವಿನಲ್ಲಿ ಬಲವಿದೆ, ಬುದ್ಧಿಯೂ ಚುರುಕಾಗಿದೆ, ಆದರೆ ಕಣ್ಣು, ಕೈ, ಕಾಲುಗಳ ಹೊಂದಾಣಿಕೆ ವಯಸ್ಸಿಗೆ ತಕ್ಕಂತೆ ಬೆಳೆದಿಲ್ಲ. ಶಾಲೆಗೆ ಹೋಗುವ ವಯಸ್ಸಿನ 100 ಮಕ್ಕಳಲ್ಲಿ 5-6 ಮಕ್ಕಳಿಗೆ ಇದು ಇರುತ್ತದೆ. ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು. ಎಂದರೆ ನಿಮ್ಮ ಮಗನ ತರಗತಿಯಲ್ಲೇ ಇನ್ನೊಬ್ಬ ಇದ್ದರೂ ಇರಬಹುದು, ಅವನೂ ಎಲ್ಲೋ ಬೈಸಿಕೊಳ್ಳುತ್ತಿರಬಹುದು. ನಿಮ್ಮ ಮಗನಿಗೆ ಇರುವುದು ಇದೇ ಎಂದು ಪತ್ರ ಓದಿ ನಾನು ಹೇಳಲಾರೆ, ಹೇಳಲೂಬಾರದು. ಪರೀಕ್ಷೆ ಮಾಡಿಸಲು ಸಾಕಷ್ಟು ಕಾರಣವಿದೆ ಎಂದಷ್ಟೇ ಹೇಳುತ್ತೇನೆ.

ಲೋಟ ಉರುಳಿದ್ದು ಹೇಗೆಂದು ನೋಡಿ. ನಾವು ಕೈ ಚಾಚುವ ಮೊದಲೇ ಲೋಟ ಎಷ್ಟು ದೂರವಿದೆ, ಎಷ್ಟು ಭಾರ, ಬೆರಳು ಎಷ್ಟು ಅಗಲ ತೆರೆಯಬೇಕು ಎಂಬುದನ್ನೆಲ್ಲ ಮೆದುಳು ಅಂದಾಜು ಮಾಡಿರುತ್ತದೆ. ದಾರಿಯಲ್ಲಿ ತಪ್ಪಿದರೆ ಕ್ಷಣಾರ್ಧದಲ್ಲಿ ತಿದ್ದುತ್ತದೆ. ಈ ಮಕ್ಕಳಲ್ಲಿ ಆ ಮುಂಗಾಣ್ಕೆಯೇ ದುರ್ಬಲ ಎಂಬುದು ಸಂಶೋಧಕರಲ್ಲಿ ಹಲವರು ಒಪ್ಪುವ ವಿವರಣೆ. ಅಂದಾಜು ತಪ್ಪಿ, ತಿದ್ದುಪಡಿ ತಡವಾಗಿ, ಬೆರಳು ಲೋಟದ ಅಂಚಿಗೆ ಬಡಿಯುತ್ತದೆ. ಆ ಹೊತ್ತಿಗೆ ಎದುರಿಗೆ ಕೂತ ಅಪ್ಪನ ಕೈ ಎದ್ದಿದ್ದರೆ ಹುಡುಗನ ಗಮನ ಲೋಟದ ಮೇಲೆ ಇರುತ್ತದೆಯೇ? ಮುಂದಿನ ಸಲ ಅವನು ಇನ್ನಷ್ಟು ಬಿಗಿಯಾಗುತ್ತಾನೆ, ಇನ್ನಷ್ಟು ಚೆಲ್ಲುತ್ತಾನೆ. ನಿಮ್ಮ ಮನೆಯವರ ಬಗ್ಗೆ ನನಗೆ ದ್ವೇಷವಿಲ್ಲ, ಪ್ರತಿ ಭಾನುವಾರ ನಿದ್ದೆ ಬಿಟ್ಟು ಮಗನಿಗಾಗಿ ಏಳುವ ಅಪ್ಪಂದಿರು ಎಷ್ಟು ಜನ ಇದ್ದಾರೆ? ಆದರೆ ಹೋಟೆಲಿನ ಆ ಏಟಿಗೆ ನನ್ನ ಬಳಿ ಯಾವ ಸಮಾಧಾನವೂ ಇಲ್ಲ. ಅದು ನಿಲ್ಲಬೇಕು.

ಈಗ ಉಳಿದ ಕಾರಣಗಳು. ಅತ್ತೆಯವರಿಗೆ ಹೇಳಿ, ಅಂಬೆಗಾಲಿಡದ ಮಕ್ಕಳು ಎಷ್ಟೋ ಮಂದಿ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 100ಕ್ಕೆ 4ಕ್ಕಿಂತ ಹೆಚ್ಚು ಮಕ್ಕಳು ಕೈ-ಮಂಡಿ ಊರಿ ಅಂಬೆಗಾಲಿಡಲೇ ಇಲ್ಲ. ಸ್ವತಂತ್ರವಾಗಿ ನಡೆಯುವ ವಯಸ್ಸೂ 8 ತಿಂಗಳಿಂದ 17 ತಿಂಗಳು ದಾಟುವವರೆಗೆ ಹರಡಿಕೊಂಡಿತ್ತು. ಅದೊಂದನ್ನೇ ಹಿಡಿದು ದೋಷ ಎನ್ನಲಾಗುವುದಿಲ್ಲ. ನಿಮ್ಮ ಊಹೆಗೆ ಹೆಚ್ಚು ಬಲವಿದೆ: ಅವಧಿಗೆ ಮೊದಲು, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಈ ತೊಂದರೆ ಹೆಚ್ಚು ಕಾಣುತ್ತದೆ. ಇದನ್ನು ನಿಮ್ಮ ತಪ್ಪೆಂದು ಯಾರಾದರೂ ಓದಿಕೊಂಡರೆ ಅಂಥವರ ಮಾತಿಗೆ ಕಿವಿ ಕೊಡಬೇಡಿ.

ಎಡಗೈ ವಿಷಯವನ್ನು ನೀವು ಒಂದೇ ಸಾಲಿನಲ್ಲಿ ದಾಟಿಸಿದ್ದೀರಿ. ಅತ್ತೆ ಬಿಡಿಸಿದ್ದರಿಂದಲೇ ಇದೆಲ್ಲ ಆಯಿತು ಎಂದು ಮನೆಯಲ್ಲಿ ಹೊಸ ಜಗಳ ತೆಗೆಯಬೇಡಿ, ಹಾಗಿರಲಾರದು. ಆದರೂ ಮೊದಲೇ ಕಷ್ಟವಿರುವ ಹುಡುಗನಿಂದ ಅವನು ತಾನೇ ಆರಿಸಿಕೊಂಡ ಕೈಯನ್ನು ಕಿತ್ತುಕೊಂಡದ್ದು ಒಳ್ಳೆಯದಾಗಲಿಲ್ಲ. ನಾಲ್ಕು ವರ್ಷ ಬಲಗೈಯಲ್ಲಿ ಬರೆದವನನ್ನು ನಾಳೆಯಿಂದ ಎಡಗೈಗೆ ಬಾ ಎನ್ನುವುದೂ ಬೇಡ. ತಜ್ಞರು ಎರಡೂ ಕೈ ನೋಡಿ ಹೇಳಲಿ. ಅಲ್ಲಿಯವರೆಗೆ ಚೆಂಡು ಎಸೆಯುವಾಗ, ಹಲ್ಲುಜ್ಜುವಾಗ ಅವನು ಯಾವ ಕೈ ಎತ್ತುತ್ತಾನೋ ಅದನ್ನೇ ಬಳಸಲಿ, ಯಾರೂ ತಡೆಯಬೇಡಿ.

ನಿಮ್ಮ ಮನೆಯವರ ವಾದದಲ್ಲೂ ಒಂದು ಎಳೆ ನಿಜವಿದೆ, ಬೇಸರಿಸಬೇಡಿ. ತುತ್ತು ತಿನ್ನಿಸಿದ್ದರಿಂದ ತೊಂದರೆ ಹುಟ್ಟಲಿಲ್ಲ, ಆದರೆ ಒಂಬತ್ತು ವರ್ಷದವನಿಗೆ ಈಗಲೂ ತಿನ್ನಿಸಿದರೆ ಕಲಿಯುವ ಅವಕಾಶ ತಪ್ಪುತ್ತದೆ. ಉಳಿದ ಮಕ್ಕಳು ನೋಡಿ ನೋಡಿಯೇ ಕಲಿಯುವುದನ್ನು ಇವನಿಗೆ ಬಿಡಿಸಿ ಬಿಡಿಸಿ ಕಲಿಸಬೇಕು. ನೀವು ಮಾಡಿಕೊಟ್ಟುಬಿಡುತ್ತೀರಿ, ಅವರು ‘ಮಾಡು’ ಎಂದು ಕೂಗುತ್ತಾರೆ. ಕಲಿಸುವ ಕೆಲಸ ಮಾತ್ರ ಇಬ್ಬರ ನಡುವೆ ಹಾಗೇ ಉಳಿದಿದೆ.

ಲೇಸ್ ಕಟ್ಟುವುದನ್ನೇ ತೆಗೆದುಕೊಳ್ಳಿ. ಶಾಲೆಯ ವ್ಯಾನ್ ಬರುವ ಹೊತ್ತಿಗೆ ಬೇಡ, ಸಂಜೆ ಹೊಟ್ಟೆ ತುಂಬಿದ ಮೇಲೆ ಕೂರಿಸಿ. ಶೂ ಕಾಲಿನಲ್ಲಿ ಇರಬೇಕಿಲ್ಲ, ತೊಡೆಯ ಮೇಲಿರಲಿ. ಎರಡು ತುದಿಗೆ ಎರಡು ಬಣ್ಣದ ದಪ್ಪ ಲೇಸ್ ಹಾಕಿ. ಗಂಟು, ಕುಣಿಕೆ, ಸುತ್ತು ಎಲ್ಲ ನೀವೇ ಮಾಡಿ, ಕೊನೆಯಲ್ಲಿ ಎರಡೂ ಕುಣಿಕೆ ಎಳೆದು ಬಿಗಿ ಮಾಡುವುದನ್ನು ಮಾತ್ರ ಅವನಿಗೆ ಬಿಡಿ. ಕೆಲಸ ಮುಗಿಸಿದವನು ಅವನಾಗುತ್ತಾನೆ. ಅದು ಸಲೀಸಾದ ಮೇಲೆ ಕೊನೆಯ ಎರಡು ಹಂತ, ಆಮೇಲೆ ಮೂರು. ಹೀಗೆ ಹಿಂದಿನಿಂದ ಮುಂದಕ್ಕೆ ಬನ್ನಿ. ಗುಂಡಿಗೂ ಇದೇ ದಾರಿ: ಗುಂಡಿ ಅರ್ಧ ತೂರಿಸಿ ಕೊಡಿ, ಎಳೆದುಕೊಳ್ಳುವುದು ಅವನ ಪಾಲು. ಕೆನಡಾದ ಆಕ್ಯುಪೇಶನಲ್ ಥೆರಪಿಸ್ಟ್‌ಗಳು, ಎಂದರೆ ದಿನನಿತ್ಯದ ಕೆಲಸಗಳನ್ನು ಮಾಡಲು ಕಲಿಸುವ ತಜ್ಞರು, ರೂಪಿಸಿದ ಇನ್ನೊಂದು ಪದ್ಧತಿಯಲ್ಲಿ ಮಗುವೇ ಗುರಿ ಆರಿಸುತ್ತದೆ, ಹೇಗೆ ಮಾಡುತ್ತೇನೆಂದು ಬಾಯಲ್ಲಿ ಹೇಳುತ್ತದೆ, ಮಾಡುತ್ತದೆ, ಸರಿಯಾಯಿತೇ ಎಂದು ತಾನೇ ನೋಡಿಕೊಳ್ಳುತ್ತದೆ. ಕಥೆ ಹೇಳುವ ನಿಮ್ಮ ಮಗನಿಗೆ ಇದು ಒಗ್ಗಬಹುದು. ತಪ್ಪಿದಾಗ ನೀವು ತಿದ್ದಬೇಡಿ, ‘ಎಲ್ಲಿ ಜಾರಿತು?’ ಎಂದು ಕೇಳಿ.

ಅಡುಗೆಮನೆಗೂ ಬಿಟ್ಟುಕೊಳ್ಳಿ. ಅವರೆಕಾಯಿ ಬಿಡಿಸುವುದು, ಬೆಳ್ಳುಳ್ಳಿ ಸುಲಿಯುವುದು, ಜೋಳದ ಹಿಟ್ಟಿನ ಸಣ್ಣ ಉಂಡೆ ಹಿಡಿದು ರೊಟ್ಟಿ ತಟ್ಟುವುದು. ಒಂದು ಕೈ ತಟ್ಟುತ್ತಾ ಇನ್ನೊಂದು ಕೈ ತಿರುಗಿಸುವ ಈ ಕೆಲಸ ಎರಡು ಕೈಗಳಿಗೂ ಒಳ್ಳೆಯ ಅಭ್ಯಾಸ, ಅಂಚು ಹರಿದರೂ ತಿನ್ನಬಹುದು. ಅತ್ತೆಯವರೇ ಕಲಿಸಲಿ, ತಟ್ಟುವುದರಲ್ಲಿ ಅವರಿಗಿಂತ ಗುರು ಯಾರು? ಆದರೆ ರೊಟ್ಟಿ ತಟ್ಟಿದರೆ ಅಕ್ಷರ ದುಂಡಗಾಗುತ್ತದೆ ಎಂದು ನಂಬಬೇಡಿ. ಯಾವುದನ್ನು ಕಲಿಯಬೇಕೋ ಅದನ್ನೇ ಅಭ್ಯಾಸ ಮಾಡಬೇಕು ಎಂಬುದು ಈ ಕ್ಷೇತ್ರದಲ್ಲಿ ಗಟ್ಟಿಯಾಗಿ ನಿಂತ ಮಾತು.

ಸೈಕಲ್ ನಿಮ್ಮ ಮನೆಯವರ ಪಾಲಿನ ಕೆಲಸ. ಅವರ ಅಂಗಡಿಯ ಸ್ಪ್ಯಾನರ್ ತಂದು ಎರಡೂ ಪೆಡಲ್ ಬಿಚ್ಚಲಿ. ಎಡಗಡೆಯದು ಉಲ್ಟಾ ಥ್ರೆಡ್ ಎಂದು ಹಾರ್ಡ್‌ವೇರ್ ವ್ಯಾಪಾರಿಗೆ ನಾನು ಹೇಳಬೇಕಿಲ್ಲ. ಎರಡೂ ಪಾದ ಪೂರ್ತಿ ನೆಲಕ್ಕೆ ತಾಗುವಷ್ಟು ಸೀಟು ಇಳಿಸಲಿ. ಮೊದಲು ಹುಡುಗ ಕೂತು ನಡೆಯಲಿ, ಆಮೇಲೆ ಒದ್ದು ಒದ್ದು ಸಾಗಲಿ, ಕೊನೆಗೆ ಸ್ವಲ್ಪ ಇಳಿಜಾರಿನಲ್ಲಿ ಕಾಲೆತ್ತಿ ತೇಲಲಿ. ಸಮತೋಲನ ಬಂದ ಮೇಲೆ ಪೆಡಲ್ ಹಾಕಿದರಾಯಿತು. ಸಮತೋಲನ, ತುಳಿತ, ಹ್ಯಾಂಡಲ್, ಬ್ರೇಕ್, ಜೊತೆಗೆ ಅಪ್ಪನ ಗದರಿಕೆ, ಇಷ್ಟೂ ಒಟ್ಟಿಗೆ ಬಂದರೆ ಯಾರಾದರೂ ಹೆದರುತ್ತಾರೆ. ಅವರು ಕಬಡ್ಡಿ ಕಲಿತ ದಿನಗಳನ್ನು ನೆನೆಯಲಿ. ಹಿಮ್ಮಡಿ ಹಿಡಿಯುವುದನ್ನು ತರಬೇತುದಾರರು ಮೊದಲ ದಿನವೇ ಓಡಿಬರುವ ರೈಡರ್ ಮೇಲೆ ಪ್ರಯೋಗಿಸಲು ಹೇಳಿದ್ದರೇ?

ಕ್ರಿಕೆಟ್ ಶಿಬಿರ ಈ ವರ್ಷ ಬೇಡ. ಚೆಂಡೂ ಚಲಿಸುತ್ತದೆ, ಜನರೂ ಚಲಿಸುತ್ತಾರೆ, ನಿರ್ಧರಿಸಲು ಅರೆಕ್ಷಣ ಮಾತ್ರ. ಇಂಥ ಮಕ್ಕಳಿಗೆ ತೀರ ಕಷ್ಟದ ಆಟವೇ ಅದು. ಕ್ಯಾಚ್ ಬಿಟ್ಟಾಗ ನಗುವವರು ಬೇರೆ. ಈಜು, ಓಟ, ಸೈಕಲ್ಲಿನಲ್ಲಿ ಅವನದೇ ವೇಗ. ಆಟವೇ ಬೇಡ ಎಂದು ಮನೆಯೊಳಗೆ ಕೂರಿಸಬೇಡಿ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಮಕ್ಕಳು ಅವಮಾನಕ್ಕೆ ಹೆದರಿ ಮೊದಲು ಬಿಡುವುದೇ ಆಟವನ್ನು, ಅದರ ಹಿಂದೆಯೇ ತೂಕ ಮತ್ತು ಒಂಟಿತನ ಬರುತ್ತವೆ.

‘ದೊಡ್ಡವನಾದರೆ ಸರಿಹೋಗುತ್ತಾನೆ’ ಎಂಬ ಮಾತು ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಇದು ಹದಿಹರೆಯದಲ್ಲೂ ಉಳಿಯುತ್ತದೆ. 13-14ರಲ್ಲಿ ಹುಡುಗರು ಒಂದೇ ವರ್ಷದಲ್ಲಿ 9 ಸೆಂ.ಮೀ. ಆಸುಪಾಸು ಎತ್ತರವಾಗುವಾಗ ಎಲ್ಲ ಸರಿಯಿದ್ದವರೂ ಬಾಗಿಲಿಗೆ ಭುಜ ಬಡಿಸಿಕೊಳ್ಳುತ್ತಾರೆ. ಆಗ ಬರವಣಿಗೆಯೂ ಹೆಚ್ಚು, ಅವಮಾನವೂ ಚುರುಕು. ಅದಕ್ಕೆ ಮೊದಲು ಸಿಕ್ಕಿರುವ ಈ ನಾಲ್ಕು ವರ್ಷ ಅಮೂಲ್ಯ.

ಗಂಡನಿಗೆ ತಿಳಿಸದೆ ಹೋಗಲೇ ಎಂದಿದ್ದೀರಿ. ಬೇಡ. ಅವರ ಅಪ್ಪಣೆ ಬೇಕೆಂದಲ್ಲ. ಗುಟ್ಟಾಗಿ ಹೋದರೆ ಆ ಗುಟ್ಟನ್ನು ಕಾಯುವ ಹೊರೆ ಹುಡುಗನ ಮೇಲೆ ಬೀಳುತ್ತದೆ. ತನ್ನಲ್ಲಿ ಮುಚ್ಚಿಡಬೇಕಾದ್ದೇನೋ ಇದೆ ಎಂದು ಅವನು ತಿಳಿಯುತ್ತಾನೆ. ಹುಡುಗ ಮಲಗಿದ ಮೇಲೆ ಮನೆಯವರಿಗೆ ಅವನ ಆ ಒಂದು ಮಾತನ್ನು ಹೇಳಿ. ನಿಮ್ಮ ವಾದ ಸೇರಿಸಬೇಡಿ. ‘ರೋಗ ಅಂಟಿಸುವುದಕ್ಕಲ್ಲ, ಹೇಗೆ ಕಲಿಸಬೇಕೆಂದು ಕೇಳಿಕೊಂಡು ಬರೋಣ’ ಎನ್ನಿ. ಅದಕ್ಕೂ ಒಪ್ಪದಿದ್ದರೆ ದಿನ ಹೇಳಿ ಹೋಗಿ. ಹೇಳಿ ಹೋಗುವುದಕ್ಕೂ ಕೇಳಿ ಹೋಗುವುದಕ್ಕೂ ವ್ಯತ್ಯಾಸವಿದೆ.

ಮೊದಲು ಕಣ್ಣಿನ ಪರೀಕ್ಷೆ, ಆಮೇಲೆ ಮಕ್ಕಳ ವೈದ್ಯರು. ಊರಲ್ಲೇ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗವಿದೆ, ಬಾಪೂಜಿ ಮಕ್ಕಳ ಆಸ್ಪತ್ರೆಯಿದೆ. ಹುಟ್ಟಿನಿಂದ 18 ವರ್ಷದವರೆಗಿನವರಿಗಾಗಿ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಏನೇನು ಸಿಗುತ್ತದೆ ಎಂದು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಥೆರಪಿಗೆ ದಾವಣಗೆರೆಯಲ್ಲಿ ಅಂಗವಿಕಲರಿಗಾಗಿ ಇರುವ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ, ಸಿಆರ್‌ಸಿ ಎಂದರೆ ಗೊತ್ತಾಗುತ್ತದೆ, ಅಲ್ಲೂ ಕೇಳಬಹುದು. ಮೊದಲು ಬರುತ್ತಿದ್ದದ್ದು ಈಗ ಬಾರದಂತಾಗಿದ್ದರೆ, ಬೀಳುವುದು ಹೆಚ್ಚುತ್ತಿದ್ದರೆ, ನೆಲದಿಂದ ಏಳಲು ತೊಡೆಯ ಮೇಲೆ ಕೈಯೂರಿಕೊಳ್ಳುತ್ತಿದ್ದರೆ, ಮೀನಖಂಡ ಉಬ್ಬಿಕೊಂಡಿದ್ದರೆ ಇದು ಬೇರೆಯದೇ ವಿಷಯ, ಒಂದು ದಿನವೂ ಕಾಯಬೇಡಿ.

ಶಾಲೆಯ ಮಾತು ಚಿಕ್ಕದು. ವರದಿ ಬಂದ ಮೇಲೆ ತರಗತಿ ಶಿಕ್ಷಕರನ್ನು ನೋಡಿ, ಬೋರ್ಡಿನಿಂದ ನಕಲು ಮಾಡಿಸುವುದನ್ನು ಕಡಿಮೆ ಮಾಡಲು, ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡಲು ಕೇಳಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ನಿರ್ದಿಷ್ಟ ಕಲಿಕಾ ನ್ಯೂನತೆಗಳ ಸಾಲಿನಲ್ಲಿ ಡಿಸ್‌ಗ್ರಾಫಿಯಾ (ಬರವಣಿಗೆಯ ತೊಂದರೆ), ಡಿಸ್‌ಪ್ರಾಕ್ಸಿಯಾಗಳನ್ನು ಹೆಸರಿಸಿಯೇ ಸೇರಿಸಿದೆ. ಎಸ್ಸೆಸ್ಸೆಲ್ಸಿ ಹೊತ್ತಿಗೆ ರಿಯಾಯಿತಿ ಬೇಕಾದರೆ ಪ್ರಮಾಣಪತ್ರ ಕೇಳುತ್ತಾರೆ, ಆದ್ದರಿಂದ ಕಾಗದಪತ್ರಗಳನ್ನು ಈಗಿನಿಂದಲೇ ಒಂದು ಕಡತದಲ್ಲಿಡಿ.

ವೈದ್ಯರ ಬಳಿ ಹೋಗುವಾಗ ಹೆರಿಗೆಯ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಅವನ ಎರಡು ನೋಟ್‌ಬುಕ್, ಅವನು ಅಂಗಿ ತೊಡುವಾಗ ಮತ್ತು ಬರೆಯುವಾಗ ಮೊಬೈಲಿನಲ್ಲಿ ತೆಗೆದ ವಿಡಿಯೊ ಇರಲಿ. ವಿಡಿಯೊ ತೆಗೆಯಲು ಅವನ ಒಪ್ಪಿಗೆ ಕೇಳಿ. ಏಕೆಂದು ಕೇಳಿದರೆ, ಕೈಗೆ ಮಾತು ಕೇಳಿಸುವುದನ್ನು ಕಲಿಸುವವರಿದ್ದಾರೆ, ಅವರಿಗೆ ತೋರಿಸಲು ಎಂದು ಇದ್ದದ್ದನ್ನೇ ಹೇಳಿ.