ಟೋಕನ್ ಬೇಡ, ಸಂಬಳ ಕೇಳಿ

ಪ್ರಶ್ನೆ: ನಾನು ಮತ್ತು ನನ್ನ ಗೆಳೆಯ ಎರಡು ವರ್ಷದಿಂದ ಬಿಟ್‌ಕಾಯಿನ್ ಲೈಟ್ನಿಂಗ್ (ಸಣ್ಣ ಮೊತ್ತ ಬೇಗ ಕಳಿಸುವ ಜಾಲ) ವಾಲೆಟ್‌ಗಳಿಗೆ ಒಂದು ಲೈಬ್ರರಿ (ಬೇರೆ ತಂತ್ರಾಂಶಗಳು ಬಳಸುವ ಸಿದ್ಧ ಕೋಡ್) ಬರೆಯುತ್ತಿದ್ದೇವೆ. ಬ್ಯಾಕಪ್ ಸರಿಯಾಗಿದೆಯೇ ಎಂದು ಪರೀಕ್ಷಿಸುವುದು ಅದರ ಕೆಲಸ. ಕೋಡ್ ಎಲ್ಲರಿಗೂ ತೆರೆದಿದೆ. ಮೂರು ವಾಲೆಟ್‌ಗಳು ಬಳಸುತ್ತಿವೆ, ಆದರೆ ಯಾರೂ ಒಂದು ರೂಪಾಯಿ ಕೊಟ್ಟಿಲ್ಲ. ಹಗಲು ಕಂಪನಿ ಕೆಲಸ, ರಾತ್ರಿ ಇದು. ದಣಿದಿದ್ದೇವೆ. ಪರಿಚಿತರೊಬ್ಬರು "ಒಂದು ಟೋಕನ್ ಬಿಡಿ, ಹಣ ತಾನಾಗಿ ಬರುತ್ತೆ" ಅನ್ನುತ್ತಾರೆ. ಏನು ಮಾಡಲಿ?
(ಹೆಸರು ಬೇಡ ಎಂದವರು, ಹುಬ್ಬಳ್ಳಿ)

ಉತ್ತರ: ಮೊದಲು ಟೋಕನ್, ಅಂದರೆ ನಿಮ್ಮದೇ ಒಂದು ಕ್ರಿಪ್ಟೊ ನಾಣ್ಯ ಮಾರುವ ಮಾತು ಮುಗಿಸೋಣ. ಬೇಡ. ಬ್ಯಾಕಪ್ ಪರೀಕ್ಷಿಸುವ ಲೈಬ್ರರಿಗೆ ಟೋಕನ್‌ನಿಂದ ಯಾವ ಕೆಲಸವೂ ಆಗುವುದಿಲ್ಲ. ಅದನ್ನು ಕೊಂಡವರು ಬೆಲೆ ಏರಲಿ ಎಂದು ಕಾಯುತ್ತಾರೆ. ಬೆಲೆ ಇಳಿದ ದಿನ ಅವರು ಬಂದು ನಿಮ್ಮನ್ನೇ ಕೇಳುತ್ತಾರೆ. ಇವತ್ತು ರಾತ್ರಿ ಕೋಡ್‌ಗೆ ಕೊಡುತ್ತಿರುವ ಎರಡು ಗಂಟೆಯೂ ಆಗ ಅವರಿಗೆ ಸಮಾಧಾನ ಹೇಳುವುದರಲ್ಲಿ ಹೋಗುತ್ತದೆ. ಬಿಟ್‌ಕಾಯಿನ್ ಕಡೆಯ ನಿಧಿಗಳ ಹತ್ತಿರ ಆಮೇಲೆ ಹೋದರೂ, ಸ್ವಂತ ಟೋಕನ್ ಇರುವ ಯೋಜನೆಯನ್ನು ಅನುಮಾನದಿಂದಲೇ ನೋಡುತ್ತಾರೆ.

ನಿಮಗೆ ಬೇಕಾಗಿರುವುದು ಸಂಬಳ. ಅದನ್ನು ಸಂಬಳ ಎಂದೇ ಕೇಳಿ. ನಮ್ಮ ಹಳ್ಳಿಗಳಲ್ಲಿ ಕೆರೆಗೆ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು, ಕಾಲುವೆ ನೋಡಿಕೊಳ್ಳುವುದು, ಏರಿಯಲ್ಲಿ ಬಿರುಕು ಕಂಡರೆ ಊರಿಗೆ ತಿಳಿಸುವುದು ಅವನ ಕೆಲಸ. ಕೆರೆ ಅವನದಲ್ಲ. ಆದರೆ ಸುಗ್ಗಿಯಲ್ಲಿ ಆ ನೀರಿನಿಂದ ಬೆಳೆದವರೆಲ್ಲ ಅವನಿಗೆ ಇಷ್ಟು ಕಾಳು ಎಂದು ಅಳೆದು ಕೊಡುತ್ತಿದ್ದರು. ನೀವಿಬ್ಬರೂ ಮಾಡುತ್ತಿರುವುದು ನೀರುಗಂಟಿ ಕೆಲಸ. ಬಿಟ್‌ಕಾಯಿನ್‌ನಲ್ಲಿ ಆ ಕಾಳು ಅಳೆಯುವ ಕಟ್ಟಳೆ ಇಲ್ಲ. ಹೊಸ ನಾಣ್ಯವೆಲ್ಲ ಗಣಿಗಾರರಿಗೆ, ಅಂದರೆ ಕಂಪ್ಯೂಟರ್ ಓಡಿಸಿ ವಹಿವಾಟು ದಾಖಲಿಸುವವರಿಗೆ ಹೋಗುತ್ತದೆ, ಕೋಡ್ ಕಾಯುವವರಿಗೆ ಅದರಲ್ಲಿ ಪಾಲಿಲ್ಲ. ಜೀಕ್ಯಾಶ್ ಎಂಬ ಇನ್ನೊಂದು ಕ್ರಿಪ್ಟೊ ನಾಣ್ಯ ಬೇರೆ ದಾರಿ ಹಿಡಿಯಿತು. 2016ರಲ್ಲಿ ಶುರುವಾದಾಗಿನಿಂದ ಹೊಸ ನಾಣ್ಯದ ಶೇ 20ರಷ್ಟನ್ನು ಸ್ಥಾಪಕರಿಗೆ, ಅಭಿವೃದ್ಧಿಗೆ ಎಂದು ತೆಗೆದಿಡುತ್ತಾ ಬಂದಿದೆ. ಅಲ್ಲಿ ಆ ಪಾಲು ಯಾರಿಗೆ ಎಂಬ ಜಗಳವೂ ಅಷ್ಟೇ ವರ್ಷದಿಂದ ನಡೆದಿದೆ.

ಬಿಟ್‌ಕಾಯಿನ್‌ನವರು ಒಂದೇ ಚೀಲ ನಂಬಿ ಒಮ್ಮೆ ಪೆಟ್ಟು ತಿಂದಿದ್ದಾರೆ. 2012ರಲ್ಲಿ ಬಿಟ್‌ಕಾಯಿನ್ ಫೌಂಡೇಶನ್ ಎಂಬ ಸಂಸ್ಥೆ ಹುಟ್ಟಿತು. ಮುಖ್ಯ ಡೆವಲಪರ್‌ಗಳಿಗೆ ಅದೇ ಸಂಬಳ ಕೊಡುತ್ತಿತ್ತು. 2015ರ ಹೊತ್ತಿಗೆ ಅದರ ಖಜಾನೆ ಬರಿದಾಯಿತು. ಆಗ ಅಮೆರಿಕದ ಎಂಐಟಿಯ ಡಿಜಿಟಲ್ ಕರೆನ್ಸಿ ಇನಿಶಿಯೇಟಿವ್ ಮುಂದೆ ಬಂದು ಗ್ಯಾವಿನ್ ಆಂಡ್ರೆಸನ್, ವ್ಲಾದಿಮಿರ್ ವಾನ್ ಡರ್ ಲಾನ್, ಕೋರಿ ಫೀಲ್ಡ್ಸ್ ಅವರ ಸಂಬಳ ವಹಿಸಿಕೊಂಡಿತು. ಇವತ್ತು ಒಂದೇ ಚೀಲದ ಬದಲು ಹಲವು ಸಣ್ಣ ಚೀಲಗಳಿವೆ. ಅದು ಒಳ್ಳೆಯದೇ. ಆದರೆ ಪ್ರತಿಯೊಂದರ ಬಾಯಿ ಬೇರೆ ಕಡೆಗೆ ತಿರುಗಿದೆ, ಅದನ್ನು ನೋಡಿ ಹೋಗಬೇಕು.

ಬ್ರಿಂಕ್ ಎಂಬ ನಿಧಿ 2020ರಲ್ಲಿ ಶುರುವಾದದ್ದು. ಅವರ ಒಲವು ಬಿಟ್‌ಕಾಯಿನ್ ನಡೆಸುವ ಮುಖ್ಯ ತಂತ್ರಾಂಶವಾದ ಬಿಟ್‌ಕಾಯಿನ್ ಕೋರ್ ಕಡೆಗೆ, ಹಾಗಾಗಿ ನಿಮಗೆ ಅಷ್ಟು ಹೊಂದುವುದಿಲ್ಲ. ಹ್ಯೂಮನ್ ರೈಟ್ಸ್ ಫೌಂಡೇಶನ್‌ಗೂ ಒಂದು ಬಿಟ್‌ಕಾಯಿನ್ ಅಭಿವೃದ್ಧಿ ನಿಧಿ ಇದೆ. ಸರ್ಕಾರದ ಕಣ್ಗಾವಲಿನ ಕೆಳಗೆ ಬದುಕುವವರಿಗೆ ನಿಮ್ಮ ಕೆಲಸ ನೆರವಾಗುತ್ತದೆ ಎಂದು ನಿಜವಾಗಿ ತೋರಿಸಲು ಆದರೆ ಅಲ್ಲಿ ಕೇಳಿ. ಟ್ವಿಟರ್ ಕಟ್ಟಿದವರಲ್ಲಿ ಒಬ್ಬರಾದ ಜ್ಯಾಕ್ ಡಾರ್ಸಿ ಅವರ ಕಂಪನಿಯ ಸ್ಪೈರಲ್ ಎಂಬ ವಿಭಾಗ ಕೂಡ ಅನುದಾನ ಕೊಡುತ್ತದೆ. ಬಿಟ್ರಸ್ಟ್ ಎಂಬ ನಿಧಿಯನ್ನು 2021ರಲ್ಲಿ ಡಾರ್ಸಿ ಮತ್ತು ಗಾಯಕ ಜೇ-ಝೀ 500 ಬಿಟ್‌ಕಾಯಿನ್ ಇಟ್ಟು ಶುರುಮಾಡಿದರು. ಆಗ ಅವರು ಹೆಸರು ಹಿಡಿದು ಹೇಳಿದ ಎರಡು ಕಡೆಗಳು ಆಫ್ರಿಕಾ ಮತ್ತು ಭಾರತ. ಅದರ ಬಾಗಿಲನ್ನು ತಪ್ಪದೆ ತಟ್ಟಿ.

ನಿಮಗೆ ನಾನು ಮೊದಲು ಹೇಳುವುದು ಓಪನ್‌ಸ್ಯಾಟ್ಸ್ ಎಂಬ ನಿಧಿ. 2023ರಲ್ಲಿ ಡಾರ್ಸಿ ಅವರ ಸ್ಟಾರ್ಟ್ ಸ್ಮಾಲ್ ನಿಧಿಯಿಂದ ಅದಕ್ಕೆ 1 ಕೋಟಿ ಡಾಲರ್ ಬಂತು. ವಾಲೆಟ್, ಲೈಬ್ರರಿ, ಲೈಟ್ನಿಂಗ್ ಸಲಕರಣೆಗಳಂಥ ಕೆಲಸಕ್ಕೆ ಕೊಡುತ್ತಾರೆ. ಜೊತೆಗೆ ನಮ್ಮ ಬೆಂಗಳೂರಿನ ಜೆರೋಧಾ 2024ರಲ್ಲಿ ಫ್ಲಾಸ್ ಫಂಡ್ ಶುರುಮಾಡಿದೆ. ವರ್ಷಕ್ಕೆ 10 ಲಕ್ಷ ಡಾಲರ್, ಒಂದು ಯೋಜನೆಗೆ 10 ಸಾವಿರದಿಂದ 1 ಲಕ್ಷ ಡಾಲರ್. ಅದು ಕ್ರಿಪ್ಟೊಗಾಗಿ ಇರುವ ನಿಧಿಯಲ್ಲ, ಯಾವುದೇ ಒಳ್ಳೆಯ ಮುಕ್ತ ತಂತ್ರಾಂಶಕ್ಕೆ. ನಿಮ್ಮ ಲೈಬ್ರರಿಯ ಬ್ಯಾಕಪ್ ಭಾಗ ಬೇರೆ ತಂತ್ರಾಂಶಗಳಿಗೂ ಉಪಯೋಗವಾಗುವಂತಿದ್ದರೆ ಮಾತ್ರ ಪ್ರಯತ್ನಿಸಿ. ಅಲ್ಲಿ ಉದ್ದ ಅರ್ಜಿ ಇಲ್ಲ. ಎಷ್ಟು ಹಣ ಬೇಕು, ಯಾಕೆ ಎಂದು ಒಂದು ಜೇಸನ್ (JSON) ಕಡತದಲ್ಲಿ ಬರೆದು ನಿಮ್ಮ ಕೋಡ್ ಜೊತೆಗೇ ಇಡಬೇಕು.

ಇನ್ನು ಅರ್ಜಿ. ಕೆಲವು ಗೆಳೆಯರ ಅರ್ಜಿಗಳನ್ನು ಕೂತು ತಿದ್ದಿಕೊಟ್ಟಿದ್ದೇನೆ. ಹೆಚ್ಚಿನವು ಒಂದೇ ಕಡೆ ಸೋಲುತ್ತವೆ. ಮೊದಲ ಪುಟವೆಲ್ಲ ಬಿಟ್‌ಕಾಯಿನ್ ಜಗತ್ತನ್ನು ಹೇಗೆ ಬದಲಿಸುತ್ತದೆ ಎಂಬ ಭಾಷಣ. ಓದುವವರಿಗೆ ಅದೆಲ್ಲ ಗೊತ್ತು. ಅವರಿಗೆ ಬೇಕಾದ ಉತ್ತರ ಒಂದೇ: ನಾಳೆ ನೀವಿಬ್ಬರೂ ನಿಲ್ಲಿಸಿದರೆ ಯಾರಿಗೆ, ಏನು ತೊಂದರೆ? ನಿಮ್ಮ ಹತ್ತಿರ ಇದಕ್ಕೆ ಉತ್ತರ ಇದೆ. ಮೂರು ವಾಲೆಟ್‌ಗಳು ನಿಮ್ಮ ಕೋಡ್ ಮೇಲೆ ನಿಂತಿವೆ. ಲೈಟ್ನಿಂಗ್‌ನಲ್ಲಿ ಇಬ್ಬರು ಹಣ ಇಟ್ಟು ತಮ್ಮೊಳಗೆ ಲೆಕ್ಕ ನಡೆಸುವ ಏರ್ಪಾಡಿಗೆ ಚಾನೆಲ್ ಎನ್ನುತ್ತಾರೆ. ಹಳೆಯ ಬ್ಯಾಕಪ್‌ನಿಂದ ಚಾನೆಲ್ ಮರಳಿ ತಂದು ಹಳೆಯ ಲೆಕ್ಕವನ್ನು ನೆಟ್‌ವರ್ಕ್‌ಗೆ ಕಳಿಸಿದರೆ, ಅದನ್ನು ಮೋಸ ಎಂದು ಪರಿಗಣಿಸಿ ಎದುರಿನವರು ಚಾನೆಲ್‌ನ ಪೂರ್ತಿ ಹಣ ತೆಗೆದುಕೊಳ್ಳಬಹುದು. ಮೋಸ ಮಾಡದವರ ಹಣವೂ ಹೀಗೆ ಹೋಗುತ್ತದೆ. ನಿಮ್ಮ ಲೈಬ್ರರಿ ತಡೆಯುವುದು ಇದನ್ನೇ, ಅಲ್ವಾ? ಅರ್ಜಿಯ ಮೊದಲ ಸಾಲು ಇದಾಗಲಿ. ಆ ಮೂರು ವಾಲೆಟ್‌ನವರಿಂದ ನಾಲ್ಕು ಸಾಲಿನ ಪತ್ರ ತನ್ನಿ. ಹಣ ಕೊಡದವರು ಪತ್ರವನ್ನಾದರೂ ಕೊಡುತ್ತಾರೆ.

ನೋಡಿಕೊಳ್ಳುವ ಕೆಲಸಕ್ಕೆ ಹಣ ಕೇಳಲು ನಾಚಿಕೊಳ್ಳಬೇಡಿ. ಹೊಸದೇನೋ ಕಟ್ಟುತ್ತೇವೆ ಎಂದರೆ ಮಾತ್ರ ಹಣ ಬರುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. 2018ರ ಸೆಪ್ಟೆಂಬರ್ ನೆನಪಿಸಿಕೊಳ್ಳಿ. ಬಿಟ್‌ಕಾಯಿನ್ ಕೋರ್‌ನಲ್ಲಿ ಒಂದು ದೋಷ ಸಿಕ್ಕಿತು. ಒಂದೇ ವಹಿವಾಟಿನೊಳಗೆ ಒಂದೇ ನಾಣ್ಯವನ್ನು ಎರಡು ಸಲ ಖರ್ಚು ಮಾಡಿದರೂ ಕೆಲವು ಆವೃತ್ತಿಗಳು ಅದನ್ನು ಹಿಡಿಯುತ್ತಿರಲಿಲ್ಲ. ಅಂದರೆ ಇಲ್ಲದ ನಾಣ್ಯ ಹುಟ್ಟಿಸಲು ದಾರಿ ಇತ್ತು. ವೇಗ ಹೆಚ್ಚಿಸಲು ಒಂದು ಪರೀಕ್ಷೆಯನ್ನು ತೆಗೆದುಹಾಕಿದಾಗ ಅದು ಒಳಗೆ ಬಂದಿತ್ತು. ಹಲವರ ಕಣ್ಣು ತಪ್ಪಿಸಿ ಸುಮಾರು ಎರಡು ವರ್ಷ ಕೂತಿತ್ತು. ಅದನ್ನು ಕಂಡು ತಿಳಿಸಿದವರು ಬಿಟ್‌ಕಾಯಿನ್‌ನಿಂದ ಬೇರೆಯಾದ ಬಿಟ್‌ಕಾಯಿನ್ ಕ್ಯಾಶ್ ಕಡೆಯ ಡೆವಲಪರ್. ಆ ಕೆಟ್ಟ ವಾರ ಹೊಸ ವೈಶಿಷ್ಟ್ಯ ಬರೆದವರಿಂದ ಕಳೆಯಲಿಲ್ಲ. ಹಳೆಯ ಕೋಡ್ ಓದಲು ಕೂತವರಿಂದ ಕಳೆಯಿತು. ಹಾಗಾಗಿ "ಆರು ತಿಂಗಳು, ಒಬ್ಬರ ಪೂರ್ತಿ ಸಮಯ, ಪರೀಕ್ಷೆ ಬರೆಯಲು ಮತ್ತು ಬಂದ ದೂರುಗಳನ್ನು ಪರಿಹರಿಸಲು" ಎಂದು ಧೈರ್ಯವಾಗಿ ಬರೆಯಿರಿ.

ಮೊದಲ ಸಲ ಆರು ತಿಂಗಳಿಗೇ ಕೇಳಿ, ಮೂರು ವರ್ಷಕ್ಕೆ ಬೇಡ. ಪ್ರತಿ ತಿಂಗಳ ಕೊನೆಗೆ ಏನು ಕಾಣಿಸುತ್ತದೆ ಎಂದು ಹೇಳಿ. ಮೊತ್ತದ ವಿಷಯದಲ್ಲಿ ನಮ್ಮವರು ಮಾಡುವ ತಪ್ಪು ಬೇರೆ ಥರದ್ದು. ಭಾರತದಲ್ಲಿದ್ದೇವೆ ಎಂದು ಸುಮ್ನೆ ಅರ್ಧಕ್ಕರ್ಧ ಇಳಿಸಿ ಕೇಳುತ್ತಾರೆ. ನಿಮ್ಮ ಈಗಿನ ಸಂಬಳ, ಪಿಎಫ್, ಆರೋಗ್ಯ ವಿಮೆ, ತೆರಿಗೆ, ಸರ್ವರ್ ಖರ್ಚು ಎಲ್ಲ ಕೂಡಿಸಿ. ಆ ಮೊತ್ತಕ್ಕಿಂತ ಕಡಿಮೆ ಕೇಳಿದರೆ ನಾಲ್ಕನೇ ತಿಂಗಳಿಗೆ ನೀವೇ ಬಿಟ್ಟುಹೋಗುತ್ತೀರಿ. ಕೊಟ್ಟವರಿಗೂ ನಷ್ಟ. ಇನ್ನೊಬ್ಬ ಪರಿಣತರಿಂದ ಕೋಡ್ ತಪಾಸಣೆ ಮಾಡಿಸುವ ಖರ್ಚನ್ನು ಬೇರೆ ಸಾಲಿನಲ್ಲಿ ತೋರಿಸಿ.

ಹೊರಡುವ ಮೊದಲು ಎರಡು ಕಾಗದ ನೋಡಿಕೊಳ್ಳಿ. ಒಂದು, ಕೋಡ್ ಜೊತೆ ಎಂಐಟಿ ಅಥವಾ ಅಪಾಚೆಯಂಥ ಲೈಸೆನ್ಸ್ ಕಡತ ಇದೆಯೇ? ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುತ್ತದೆ ಎಂದ ಮಾತ್ರಕ್ಕೆ ಅದು ಮುಕ್ತ ತಂತ್ರಾಂಶ ಆಗುವುದಿಲ್ಲ. ಎರಡು, ನಿಮ್ಮ ಕಂಪನಿಯ ನೇಮಕಾತಿ ಒಪ್ಪಂದ. ಉದ್ಯೋಗದಲ್ಲಿರುವಾಗ ಬರೆದ ಕೋಡೆಲ್ಲ ಕಂಪನಿಯದು ಎಂಬ ಷರತ್ತು ಅನೇಕ ಕಡೆ ಇರುತ್ತದೆ. ನನಗೆ ಗೊತ್ತಿರುವ ಒಬ್ಬ ಹುಡುಗನಿಗೆ ಅನುದಾನ ಒಪ್ಪಿಗೆಯಾಗಿ, ಈ ಒಂದು ಸಾಲಿನಿಂದ ಐದು ತಿಂಗಳು ನಿಂತುಹೋಯಿತು. ಆ ಐದು ತಿಂಗಳಲ್ಲಿ ಅವನು ಪಟ್ಟ ಸಂಕಟ ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಆಕ್ಷೇಪಣೆ ಇಲ್ಲ ಎಂಬ ಪತ್ರವನ್ನು ಈಗಲೇ ಬರೆಸಿಕೊಳ್ಳಿ.

ಪ್ರಶ್ನೆ: ನಮ್ಮದು ಇಥೀರಿಯಂ ಎಂಬ ಬ್ಲಾಕ್‌ಚೈನ್ ಜಾಲದ ಮೇಲಿನ ಸಣ್ಣ ಯೋಜನೆ. ಬೆಂಗಳೂರಿನ ಇಥ್‌ಇಂಡಿಯಾ ಹ್ಯಾಕಥಾನ್‌ನಲ್ಲಿ ಶುರುಮಾಡಿದ್ದು. ಅಲ್ಲಿ ಎಲ್ಲರೂ "ಕ್ವಾಡ್ರಾಟಿಕ್ ಫಂಡಿಂಗ್" ಅನ್ನುತ್ತಿದ್ದರು. ಸರಳವಾಗಿ ತಿಳಿಸುತ್ತೀರಾ? ಬಂದ ಹಣವನ್ನು ಎಲ್ಲಿ ಇಡಬೇಕು?
(ಓದುಗರು, ದಾವಣಗೆರೆ)

ಉತ್ತರ: ಇದರ ಬೇರು 2018ರಲ್ಲಿ ಇಥೀರಿಯಂ ಕಟ್ಟಿದವರಲ್ಲಿ ಒಬ್ಬರಾದ ವಿಟಾಲಿಕ್ ಬುಟೆರಿನ್, ಜೋಯಿ ಹಿಟ್ಜಿಗ್, ಗ್ಲೆನ್ ವೇಲ್ ಬರೆದ ಒಂದು ಪ್ರಬಂಧ. ಅದನ್ನು ಬಳಕೆಗೆ ತಂದು ಹೆಸರಾದದ್ದು ಗಿಟ್‌ಕಾಯಿನ್ ಎಂಬ ವೇದಿಕೆ. ಜನರ ದೇಣಿಗೆಯ ಜೊತೆಗೆ ಹೊಂದಾಣಿಕೆ ನಿಧಿ ಎಂಬ ಒಂದು ದೊಡ್ಡ ಚೀಲದಿಂದಲೂ ಯೋಜನೆಗಳಿಗೆ ಪಾಲು ಸಿಗುತ್ತದೆ. ಲೆಕ್ಕ ಹೀಗೆ: ಪ್ರತಿಯೊಬ್ಬರ ದೇಣಿಗೆಯ ವರ್ಗಮೂಲ ತೆಗೆದು ಕೂಡಿಸಿ, ಬಂದ ಮೊತ್ತವನ್ನು ವರ್ಗ ಮಾಡುತ್ತಾರೆ. ನಿಮಗೆ 100 ಜನ ತಲಾ 100 ರೂಪಾಯಿ ಕೊಟ್ಟರು ಅನ್ನಿ. ವರ್ಗಮೂಲ 10, ನೂರು ಜನಕ್ಕೆ 1,000, ಅದರ ವರ್ಗ 10 ಲಕ್ಷ. ಪಕ್ಕದ ಯೋಜನೆಗೆ ಒಬ್ಬರೇ 10,000 ಕೊಟ್ಟರು. ವರ್ಗಮೂಲ 100, ವರ್ಗ ಮತ್ತೆ 10,000. ಇಬ್ಬರಿಗೂ ಬಂದ ದೇಣಿಗೆ ಅಷ್ಟೇ. ಆದರೆ ಆ ವರ್ಗದಿಂದ ದೇಣಿಗೆಯನ್ನು ಕಳೆದು ಉಳಿದದ್ದೇ ಹೊಂದಾಣಿಕೆ ನಿಧಿಯ ಪಾಲು. ಹಾಗಾಗಿ ಅದು ನಿಮಗೆ ಬರುತ್ತದೆ, ಅವರಿಗೆ ಇಲ್ಲ. ನಿಧಿ ಎಷ್ಟಿದೆಯೋ ಅದಕ್ಕೆ ತಕ್ಕಂತೆ ಎಲ್ಲರ ಪಾಲನ್ನೂ ಇಳಿಸುತ್ತಾರೆ.

ಇಲ್ಲಿ ತಲೆ ಎಣಿಕೆಗೇ ಬೆಲೆ. ಅದಕ್ಕೇ ಸುಳ್ಳು ಖಾತೆಗಳ ಕಾಟ ಜಾಸ್ತಿ. ಗೆಳೆಯರಿಗೆ ಹತ್ತು ಹತ್ತು ಖಾತೆ ತೆರೆಸಿ ಕೊಡಿಸುವ ಯೋಚನೆಯನ್ನೇ ಮಾಡಬೇಡಿ. ಅದು ಮೋಸ. ಸಿಕ್ಕಿಬಿದ್ದರೆ ನಿಮ್ಮನ್ನು ಮತ್ತೆ ಯಾರೂ ನಂಬುವುದಿಲ್ಲ. ಬೇರೆ ದಾರಿಗಳೂ ಇವೆ. ಇಥೀರಿಯಂ ಫೌಂಡೇಶನ್ 2025ರಲ್ಲಿ ಯಾರು ಬೇಕಾದರೂ ಅರ್ಜಿ ಹಾಕುವ ಕ್ರಮವನ್ನು ತಡೆಹಿಡಿದು, ತನಗೆ ಬೇಕಾದ ಕೆಲಸಗಳನ್ನು ತಾನೇ ಹೇಳುವ ಕಡೆಗೆ ಹೊರಳಿತು. ಆದ್ದರಿಂದ ಮೊದಲು ಅವರ ಪಟ್ಟಿ ಓದಿ. ಆಪ್ಟಿಮಿಸಂ ಎಂಬ ಜಾಲ 2021ರಿಂದ ಕೆಲಸ ಮುಗಿದ ಮೇಲೆ, ಅದರ ಉಪಯೋಗ ನೋಡಿ ಹಣ ಕೊಡುವ ಸುತ್ತುಗಳನ್ನು ನಡೆಸಿದೆ. ಕಲ್ಪನೆ ನನಗೆ ಇಷ್ಟ. ಆದರೆ ಆ ಹಣ ಬರುವವರೆಗೆ ಮನೆ ಬಾಡಿಗೆ ನೀವೇ ಕಟ್ಟಬೇಕು.

ಹಣ ಇಡುವ ವಿಷಯ: ಒಬ್ಬರ ಕೈಯ ಒಂದು ಕೀಲಿಯಲ್ಲಿ (ವಾಲೆಟ್ ತೆರೆಯುವ ರಹಸ್ಯ ಸಂಕೇತ) ಇಡಬೇಡಿ. ಮೊನೆರೊ ಎಂಬ ಕ್ರಿಪ್ಟೊ ನಾಣ್ಯದ ಸಮುದಾಯ ಜನರಿಂದ ಕೂಡಿಸಿದ ಅಭಿವೃದ್ಧಿ ನಿಧಿಯ ವಾಲೆಟ್‌ನಿಂದ 2023ರ ಸೆಪ್ಟೆಂಬರ್‌ನಲ್ಲಿ 2,675ಕ್ಕೂ ಹೆಚ್ಚು ನಾಣ್ಯ ಕಳುವಾಯಿತು. ಭದ್ರತೆ ಬಲ್ಲವರ ಮನೆಯಲ್ಲೇ ಹೀಗಾಯಿತು. ಮೂವರ ಕೀಲಿಯಲ್ಲಿ ಇಬ್ಬರ ಸಹಿ ಬೇಕಾಗುವ ವಾಲೆಟ್ ಮಾಡಿ. ಮೂವರೂ ಒಂದೇ ಮನೆಯವರಾಗುವುದು ಬೇಡ.

ಪ್ರಶ್ನೆ: ವಿದೇಶಿ ಸಂಸ್ಥೆಯೊಂದು ನನಗೆ ಅನುದಾನ ಕೊಡಲು ಒಪ್ಪಿದೆ. ಬಿಟ್‌ಕಾಯಿನ್‌ನಲ್ಲಿ ಬೇಕೋ, ಡಾಲರ್‌ನಲ್ಲಿ ಬೇಕೋ ಎಂದು ಕೇಳಿದ್ದಾರೆ. ತೆರಿಗೆ ಹೇಗೆ?
(ಓದುಗರು, ಬೆಂಗಳೂರು)

ಉತ್ತರ: ಸಿಗುವುದಾದರೆ ಡಾಲರ್‌ನಲ್ಲಿ, ನೇರವಾಗಿ ಬ್ಯಾಂಕ್ ಖಾತೆಗೆ ತೆಗೆದುಕೊಳ್ಳಿ. ಬ್ಯಾಂಕಿನಿಂದ ವಿದೇಶಿ ಹಣ ಬಂದ ದಾಖಲೆ ಪಡೆದು ಇಟ್ಟುಕೊಳ್ಳಿ.

ಬಿಟ್‌ಕಾಯಿನ್‌ನಲ್ಲಿ ಬಂದರೆ ಲೆಕ್ಕ ಎರಡು ಸಲ. ಕೆಲಸಕ್ಕೆ ಬಂದದ್ದು ಬಂದ ದಿನದ ಬೆಲೆಗೆ ನಿಮ್ಮ ಆದಾಯ. ಆಮೇಲೆ ಮಾರಿದಾಗ ಲಾಭ ಬಂದರೆ, 2022ರ ಬಜೆಟ್ ತಂದ ನಿಯಮದಂತೆ ಆ ಲಾಭಕ್ಕೆ ಶೇ 30 ತೆರಿಗೆ, ಮೇಲೆ ಸೆಸ್. ನಷ್ಟವಾದರೆ ಅದನ್ನು ಬೇರೆ ಆದಾಯದಲ್ಲಿ ಕಳೆಯಲು ಬಿಡುವುದಿಲ್ಲ. ಮಾರುವಾಗ ಶೇ 1 ಟಿಡಿಎಸ್ ಕೂಡ ಇದೆ. ಬಂದ ದಿನ ಬೆಲೆ ಏರಿದ್ದು, ವಾರ ಬಿಟ್ಟು ಬಿದ್ದರೆ, ಕೈಗೆ ಬಾರದ ಹಣಕ್ಕೂ ತೆರಿಗೆ ಕಟ್ಟಿದಂತಾಗುತ್ತದೆ. ಬಿಟ್‌ಕಾಯಿನ್ ಮೇಲೆ ನಂಬಿಕೆ ಇರುವವರಿಗೂ ನಾನು ಇದನ್ನೇ ಹೇಳುವುದು: ಸಂಬಳ ಬೇರೆ, ಉಳಿತಾಯ ಬೇರೆ.

ಇದಕ್ಕಿಂತ ಮುಖ್ಯ ಒಪ್ಪಂದದ ಭಾಷೆ. ವಿದೇಶದಿಂದ ದಾನವಾಗಿ ಬರುವ ಹಣಕ್ಕೆ ಎಫ್‌ಸಿಆರ್‌ಎ ಕಾಯ್ದೆ ಇದೆ. ಕೆಲಸ ಮಾಡಿ ಬಿಲ್ ಕೊಟ್ಟು ಪಡೆಯುವ ಶುಲ್ಕಕ್ಕೆ ಅದರಲ್ಲಿ ವಿನಾಯಿತಿ ಇದೆ. ನೀವು ನಿಜವಾಗಿಯೂ ಒಪ್ಪಿಕೊಂಡ ಕೆಲಸ ಮಾಡಿಕೊಡುತ್ತಿದ್ದರೆ ಅದನ್ನು ಸೇವಾ ಒಪ್ಪಂದವಾಗಿ ಬರೆಸಿ, ಪ್ರತಿ ತಿಂಗಳೂ ಬಿಲ್ ಕಳಿಸಿ. ಕಾಗದ ಒಂದು, ಕೆಲಸ ಇನ್ನೊಂದು ಆಗಕೂಡದು. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿಯೂ ಬರುತ್ತದೆ. ಸೇವೆಯ ರಫ್ತು ಎಂದು ರಿಯಾಯಿತಿ ಪಡೆಯಬೇಕಾದರೆ ಹಣ ವಿದೇಶಿ ವಿನಿಮಯದಲ್ಲಿ ಬಂದಿರಬೇಕು. ಡಾಲರ್ ಕೇಳಿ ಎನ್ನಲು ಇದು ಇನ್ನೊಂದು ಕಾರಣ. ಸಹಿ ಹಾಕುವ ಮೊದಲು, ಹಣ ಬಂದ ಮೇಲಲ್ಲ, ಕ್ರಿಪ್ಟೊ ಲೆಕ್ಕ ನೋಡಿ ಗೊತ್ತಿರುವ ಸಿಎ ಒಬ್ಬರಿಗೆ ಒಪ್ಪಂದ ತೋರಿಸಿ.

ಪ್ರಶ್ನೆ: ಎಂಜಿನಿಯರಿಂಗ್ ಕೊನೆಯ ವರ್ಷ. ನನ್ನದೇ ಯೋಜನೆ ಇಲ್ಲ. ನನಗೂ ಅನುದಾನ ಸಿಗುತ್ತದೆಯೇ?
(ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ಈಗಲೇ ಸಿಗುವುದಿಲ್ಲ. ಆದರೆ ಸ್ವಂತ ಯೋಜನೆ ಇಲ್ಲ ಎಂಬುದು ಅದಕ್ಕೆ ಕಾರಣವಲ್ಲ. ಬೇರೆಯವರ ಕೋಡ್ ಓದಿ, ಓಡಿಸಿ, ತಪ್ಪು ಹುಡುಕುವವರಿಗೆ ಎಲ್ಲ ಕಡೆ ಕೊರತೆ ಇದೆ. ಸಮ್ಮರ್ ಆಫ್ ಬಿಟ್‌ಕಾಯಿನ್ ಎಂಬ ಇಂಟರ್ನ್‌ಶಿಪ್ ವಿದ್ಯಾರ್ಥಿಗಳಿಗೆಂದೇ ಇದೆ, ಭತ್ಯೆಯೂ ಕೊಡುತ್ತಾರೆ. ಮುಂದಿನ ಸುತ್ತಿಗೆ ಅರ್ಜಿ ಹಾಕಿ. ಅಲ್ಲಿಯವರೆಗೆ ಬಿಟ್‌ಕಾಯಿನ್ ಕೋರ್‌ನ ರಿವ್ಯೂ ಕ್ಲಬ್ ಇದೆ. ಒಂದು ಬದಲಾವಣೆಯನ್ನು ಎತ್ತಿಕೊಂಡು, ಪ್ರಶ್ನೆಗಳನ್ನು ಮೊದಲೇ ಕೊಟ್ಟು, ಎಲ್ಲರೂ ಸೇರಿ ಚರ್ಚಿಸುತ್ತಾರೆ. ಹಳೆಯ ಚರ್ಚೆಗಳೆಲ್ಲ ಉಚಿತವಾಗಿ ಓದಲು ಸಿಗುತ್ತವೆ. ವಾರಕ್ಕೊಂದು ಓದಿ. ಆ ಕೋಡನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಕಂಪೈಲ್ ಮಾಡಿ ನೋಡಿ. ಅರ್ಥವಾಗದ್ದನ್ನು ಬರೆದಿಟ್ಟುಕೊಳ್ಳಿ. ಆರು ತಿಂಗಳ ಆ ಟಿಪ್ಪಣಿ ಪುಸ್ತಕ ಕೈಯಲ್ಲಿ ಇಟ್ಟುಕೊಂಡು ನನಗೆ ಮತ್ತೆ ಬರೆಯಿರಿ. ಅರ್ಜಿ ತಿದ್ದಿಕೊಡುತ್ತೇನೆ.